ಅಪ್ಪನ ಕಾಲದ ಬೈಕು ಗುಜರಿಗೆ ಹಾಕೋ ಮುಂಚೆ

ಪೋಸ್ಟ್ ಉದ್ದ ಇದೆ. ಪುರಸೊತ್ತಾದಾಗ ಓದಿ. ಆದ್ರೆ ನಿಮ್ಮ ಮನೆ ಹಿಂದೆ ಹಳೇ ಯೆಜ್ಡಿನೋ, ಆರ್‌ಎಕ್ಸ್ 100ನೋ ಟಾರ್ಪಾಲು ಹೊದ್ದುಕೊಂಡು ನಿಂತಿದ್ರೆ ಇವತ್ತೇ ಓದಿ.

ಹೇಳಬೇಕಾದ್ದನ್ನ ಮೊದಲೇ ಹೇಳಿಬಿಡ್ತೀನಿ. ಇನ್ನು ಹತ್ತು ಹದಿನೈದು ವರ್ಷದಲ್ಲಿ ಈ ಗಾಡಿಗಳು ಉಳ್ಳವರ ಶೆಡ್ಡು ಸೇರ್ತವೆ. ಅವುಗಳ ಚರಿತ್ರೆ ಬರೆಯೋರೂ ಅವರೇ ಆಗ್ತಾರೆ. ಆ ಚರಿತ್ರೆಯಲ್ಲಿ ಗಾಡಿ ಮಾಡಿದ ಕಾರ್ಮಿಕ ಇರಲ್ಲ, ರಿಪೇರಿ ಮಾಡಿದ ಮೆಕ್ಯಾನಿಕ್ ಇರಲ್ಲ, ಮೊದಲ ಸಂಬಳದ ಸಾಲದಲ್ಲಿ ಅದನ್ನ ಕೊಂಡು ಊರೊಳಗೆ ತಂದ ನಮ್ಮ ಅಪ್ಪ, ದೊಡ್ಡಪ್ಪಂದಿರೂ ಇರಲ್ಲ. ಇರಬೇಕು ಅಂದ್ರೆ ಗಾಡಿಯೂ ಅದರ ಕಾಗದವೂ ನಮ್ಮ ಕೈಲಿರಬೇಕು.

ಹಳೇ ಗಾಡಿಗೆ ಬೆಲೆ ಹೇಗೆ ಬರುತ್ತೆ ಅನ್ನೋದಕ್ಕೆ ಹೊರದೇಶದ ಉದಾಹರಣೆ ಒಂದಿದೆ. ನಮ್ಮ ಆಫೀಸಿನ ಹುಡುಗರು ಮಧ್ಯಾಹ್ನ ಊಟದ ಹೊತ್ತಲ್ಲಿ ಮೊಬೈಲಲ್ಲಿ ಜಪಾನಿನ ಹಳೇ ಸ್ಪೋರ್ಟ್ಸ್ ಕೂಪೆಗಳನ್ನ ನೋಡ್ತಾ ಕೂತಿರ್ತಾರೆ. ಕೂಪೆ ಅಂದ್ರೆ ಎರಡು ಬಾಗಿಲಿನ ಕಾರು, ಇಂಥವು ವೇಗಕ್ಕೆ ಅಂತಲೇ ಮಾಡಿದವು. ಟೊಯೊಟಾ ಸುಪ್ರಾ, ನಿಸ್ಸಾನ್ ಸ್ಕೈಲೈನ್ ಥರದವು. ತೊಂಬತ್ತರ ದಶಕದ ಈ ಕಾರುಗಳು ಸೆಕೆಂಡ್ ಹ್ಯಾಂಡ್ ಆದಮೇಲೆ ಅಮೆರಿಕಾ, ಜಪಾನಿನ ಹುಡುಗರು ಮಾಡದ ಪ್ರಯೋಗವೇ ಇಲ್ಲ. ಕತ್ತರಿಸಿದ್ರು, ಬಣ್ಣ ಬಳಿದ್ರು, ಎಂಜಿನ್ ಬಿಚ್ಚಿದ್ರು, ರೇಸಲ್ಲಿ ಗುದ್ದಿದ್ರು. 2001ರಲ್ಲಿ 'ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್' ಸಿನಿಮಾ ಬಂತು, ಹುಚ್ಚು ಇನ್ನೂ ಹೆಚ್ಚಾಯ್ತು. ಆ ಸಿನಿಮಾದಲ್ಲಿ ಪಾಲ್ ವಾಕರ್ ಓಡಿಸಿದ ಕಿತ್ತಳೆ ಬಣ್ಣದ ಸುಪ್ರಾ 2021ರಲ್ಲಿ ಹರಾಜಿಗೆ ಬಂದಾಗ 5,50,000 ಡಾಲರಿಗೆ ಹೋಯ್ತು.

ಇದರ ಹಿಂದಿರೋ ಲೆಕ್ಕ ಸರಳ. ಹದಿನೈದನೇ ವಯಸ್ಸಲ್ಲಿ ಹುಡುಗ ಯಾವ ಗಾಡಿಗೆ ಬಾಯಿ ಬಿಟ್ಟು ನಿಂತಿರ್ತಾನೋ, ನಲವತ್ತಕ್ಕೆ ಕೈಲಿ ಕಾಸು ಬಂದಾಗ ಅದನ್ನೇ ಹುಡುಕ್ಕೊಂಡು ಹೋಗ್ತಾನೆ. ಅಷ್ಟೊತ್ತಿಗೆ ಅರ್ಧ ಗಾಡಿ ಗುಜರಿಗೆ ಹೋಗಿರುತ್ತೆ, ಇನ್ನರ್ಧ ಅಂದಗೆಟ್ಟಿರುತ್ತೆ. ಹೇಗಿತ್ತೋ ಹಾಗೇ ಉಳಿದದ್ದು ಕೆಲವೇ. ಬೆಲೆ ಅದಕ್ಕೆ. ಅಮೆರಿಕಾದಲ್ಲಿ 25 ವರ್ಷ ದಾಟಿದ ಗಾಡಿಯನ್ನ ಹೊರದೇಶದಿಂದ ತರಿಸೋಕೆ ಸುರಕ್ಷತಾ ನಿಯಮದ ಅಡ್ಡಿ ಇಲ್ಲ. ಹಾಗಾಗಿ ಅಲ್ಲಿ ಮಾರಾಟವೇ ಆಗದಿದ್ದ ಸ್ಕೈಲೈನ್ ಕಾರುಗಳಿಗೂ 25 ತುಂಬೋ ಹೊತ್ತಿಗೆ ಗಿರಾಕಿ ಕಾದಿರ್ತಾನೆ.

ಈಗ ನಮ್ಮ ನೆಲಕ್ಕೆ ಬನ್ನಿ. ನಮ್ಮ ಕಾಲದಲ್ಲಿ ನಮ್ಮ ಕಡೆ ಸ್ಪೋರ್ಟ್ಸ್ ಕಾರು ಕಂಡೋರು ಯಾರು? ನಮ್ಮ ಸ್ಪೋರ್ಟ್ಸ್ ಕೂಪೆ ಅಂದ್ರೆ ಮೋಟಾರ್ ಬೈಕು.

1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಉದ್ಘಾಟನೆ ಆಯ್ತು. ಜೆಕೊಸ್ಲೊವಾಕಿಯಾದ ಜಾವಾ ಬೈಕು ಇಲ್ಲಿ ತಯಾರಾಗೋಕೆ ಶುರುವಾಯ್ತು, ಮುಂದೆ ಅದೇ ಯೆಜ್ಡಿ ಆಯ್ತು. ಕಿಕ್ ಹೊಡೆಯೋ ಲಿವರ್ರೇ ಮುಂದಕ್ಕೆ ಬಗ್ಗಿಸಿದ್ರೆ ಗೇರ್ ಲಿವರ್. ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕ್ತು. 1985ರಲ್ಲಿ ಎಸ್ಕಾರ್ಟ್ಸ್ ಕಂಪನಿ ಜೊತೆ ಯಮಹಾ ಆರ್‌ಎಕ್ಸ್ 100 ಬಂತು. 98 ಸಿಸಿಯ ಪುಟ್ಟ ಎಂಜಿನ್ನು, ಹಗುರ ಮೈ, ಆಕ್ಸಿಲರೇಟರ್ ತಿರುಗಿಸಿದ್ರೆ ಬಾಣ. ಅದೂ 1996ಕ್ಕೇ ನಿಂತು ಹೋಯ್ತು.

ಇವೆರಡಕ್ಕಿಂತ ಪಾಠ ಕಲಿಸೋದು ರಾಜ್‌ದೂತ್ 350. ಯಮಹಾ ಆರ್‌ಡಿ 350ರ ನಮ್ಮ ದೇಶದ ರೂಪ. 1983ರಲ್ಲಿ ಬಂತು. ಎರಡು ಸಿಲಿಂಡರ್, 347 ಸಿಸಿ. ಆವಾಗ ಅದನ್ನ ಕೊಂಡೋರು ಬೈಸಿಕೊಂಡ್ರು. ಮೈಲೇಜ್ ಇಲ್ಲ, ಸ್ಪೇರ್ ಸಿಗಲ್ಲ, ದುಬಾರಿ ಅಂತ. ಅಂಥಾ ಗಾಡಿಯನ್ನ ಮಾರಿ ನಿಟ್ಟುಸಿರು ಬಿಟ್ಟೋರೇ ಜಾಸ್ತಿ. ಇವತ್ತು ಹಳೇ ಬೈಕು ಕೂಡಿಡೋರು ಎಲ್ಲಕ್ಕಿಂತ ಮೊದಲು ಹುಡುಕೋದು ಅದನ್ನೇ. ಊರಿಗೂರೇ ಬೇಡ ಅಂದದ್ದು ನಾಳೆ ಬೇಕಾಗುತ್ತೆ. ಆದ್ರೆ ಅದು ಯಾರ ಕೈಲಿರುತ್ತೆ ಅನ್ನೋದೇ ಪ್ರಶ್ನೆ.

ಬೆಂಗಳೂರು, ಮೈಸೂರಲ್ಲಿ ಹಳೇ ಗಾಡಿಗಳ ರ‍್ಯಾಲಿ, ಪ್ರದರ್ಶನ ಆಗುತ್ತೆ. ನಾನೂ ಹೋಗ್ತೀನಿ, ನಂಗೂ ಇಷ್ಟವೇ. ಅಲ್ಲಿ ಗಾಡಿ ಮುಂದೆ ಒಂದು ಬೋರ್ಡು ಇರುತ್ತೆ: 'ಮುಟ್ಟಬೇಡಿ'. ನಮಗೆ ಈ ಪದ ಹೊಸದಲ್ಲ, ಅಲ್ವಾ? ಬಣ್ಣಕ್ಕೆ ಗೀರು ಬೀಳುತ್ತೆ ಅನ್ನೋದು ಗೊತ್ತು, ತಕರಾರಿಲ್ಲ. ನನ್ನ ತಕರಾರು ಪಕ್ಕದ ಬೋರ್ಡಿನದು. ಅದರಲ್ಲಿ ಗಾಡಿ ಹೆಸರು, ವರ್ಷ, ಸಿಸಿ, ಈಗಿನ ಮಾಲೀಕರ ಹೆಸರು ಇರುತ್ತೆ. ಮೊದಲ ಮಾಲೀಕನ ಹೆಸರು ಇರಲ್ಲ. ಇಪ್ಪತ್ತು ವರ್ಷ ಅದರ ಜೀವ ಉಳಿಸಿದ ಮೆಕ್ಯಾನಿಕ್ ಹೆಸರು ಇರಲ್ಲ. ಸೀಟು ಹೊಲಿದೋರು, ಟ್ಯಾಂಕಿನ ತಗ್ಗು ತೆಗೆದೋರು, ಕ್ರ್ಯಾಂಕ್ ಕೂರಿಸಿದ ಲೇತ್‌ನೋರು ಯಾರು? ನಾನು ನೋಡಿರೋ ಗ್ಯಾರೇಜುಗಳಲ್ಲಿ ಅವರೆಲ್ಲ ಮುಸ್ಲಿಮರು, ನಮ್ಮೋರು, ಇಲ್ಲ ಬಡ ಹಿಂದುಳಿದ ಜಾತಿಯೋರು. ಅವರು ಮುಟ್ಟಿದ್ದಕ್ಕೇ ಆ ಗಾಡಿ ಇನ್ನೂ ಬದುಕಿರೋದು. ಮುಟ್ಟದೆ ಯಾವ ಎಂಜಿನ್ನೂ ಉಳಿಯಲ್ಲ ಸ್ವಾಮಿ.

'ಒಂದು ಬೈಕಿಗೆ ಜಾತಿ ಯಾಕಪ್ಪಾ ತರ್ತೀಯ' ಅಂತ ಕೇಳೋರಿಗೆ ಒಂದು ಮಾತು. ತಂದಿದ್ದು ನಾವಲ್ಲ. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ತಮ್ಮ ಅನುಭವ ಬರೆದಿದ್ದಾರೆ. 1901ರಲ್ಲಿ ಹುಡುಗನಾಗಿದ್ದಾಗ ಅಪ್ಪನನ್ನ ನೋಡೋಕೆ ಹೊರಟು ಮಸೂರ್ ಸ್ಟೇಷನ್ನಲ್ಲಿ ಇಳಿದ್ರು. ಮಹಾರ್ ಮಕ್ಕಳು ಅಂತ ಗೊತ್ತಾದ ಮೇಲೆ ಗಾಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಎರಡು ಪಟ್ಟು ಬಾಡಿಗೆ ಇಸ್ಕೊಂಡ, ಮಕ್ಕಳೇ ಗಾಡಿ ಹೊಡೀಬೇಕು, ತಾನು ಪಕ್ಕದಲ್ಲಿ ನಡೀತೀನಿ ಅಂದ. 1929ರಲ್ಲಿ, ವಿದೇಶದಲ್ಲಿ ಓದಿ ಬ್ಯಾರಿಸ್ಟರ್ ಆಗಿ ಬಂದಮೇಲೂ, ಚಾಳಿಸ್‌ಗಾಂವ್‌ನಲ್ಲಿ ಟಾಂಗಾದವರು ಕೂರಿಸಿಕೊಳ್ಳಲಿಲ್ಲ. ಓಡಿಸೋಕೆ ಬಾರದ ನಮ್ಮೋನೇ ಟಾಂಗಾ ಹೊಡೆದ. ಬಾಬಾಸಾಹೇಬರು ಕೆಳಕ್ಕೆ ಬಿದ್ದು ಕಾಲು ಮುರಿದುಕೊಂಡ್ರು. ಈ ದೇಶದಲ್ಲಿ ಚಕ್ರಕ್ಕೂ ಜಾತಿ ಅಂಟಿಸಿದ್ದಾರೆ.

ಅದಕ್ಕೇ ಎಪ್ಪತ್ತು ಎಂಬತ್ತರ ದಶಕದಲ್ಲಿ ಮೀಸಲಾತಿಯಿಂದ ಮನೆತನದಲ್ಲೇ ಮೊದಲ ನೌಕರಿ ಹಿಡಿದ ನಮ್ಮ ಮೇಷ್ಟ್ರುಗಳು, ಲೈನ್‌ಮನ್‌ಗಳು, ಬ್ಯಾಂಕ್ ಗುಮಾಸ್ತರು ಸಾಲ ಮಾಡಿಯಾದ್ರೂ ಗಾಡಿ ತಗೊಂಡ್ರು. ಅದು ಶೋಕಿ ಅಲ್ಲ. ನಮ್ಮ ದೊಡ್ಡಪ್ಪ ಕರೆಂಟ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದೋರು. ಅವರು ರೋಡ್‌ಕಿಂಗ್ ತಂದ ಹೊಸದರಲ್ಲಿ, ದೇವಸ್ಥಾನದ ಬೀದೀಲಿ ಇಳಿದು ತಳ್ಕೊಂಡು ಹೋಗು ಅಂತ ಊರೋರು ಹೇಳಿದ್ರಂತೆ. ದೊಡ್ಡಪ್ಪ ಜಗಳ ಆಡಲಿಲ್ಲ. 'ಇಳಿದ್ರೆ ಗಾಡಿ ಆಫ್ ಆಗುತ್ತೆ, ಆಫ್ ಆದ್ರೆ ನಿಮ್ಮ ಬೀದೀಲೇ ನಿಂತು ಕಿಕ್ ಹೊಡೀಬೇಕಾಗುತ್ತೆ, ಪರವಾಗಿಲ್ವಾ?' ಅಂದ್ರಂತೆ. ಆಮೇಲೆ ಯಾರೂ ಕೇಳಲಿಲ್ಲ. ಲೈನ್ ರಿಪೇರಿಗೆ ಬರೋನು ಅವರೊಬ್ಬರೇ ಅನ್ನೋದೂ ಕಾರಣ ಇರಬಹುದು ಬಿಡಿ. ನಮ್ಮ ತಾಲ್ಲೂಕಲ್ಲಿ ಸಂಘದ ಕರಪತ್ರ ಹಳ್ಳಿ ಹಳ್ಳಿಗೆ ಹೋಗಿದ್ದೂ ಇಂಥಾ ಗಾಡಿಗಳ ಮೇಲೇ.

ಇಂಥಾ ಗಾಡಿಯನ್ನ ನಾವು ಹೇಗೆ ನೋಡ್ಕೋತಿದ್ದೀವಿ? ಅಪ್ಪ ತೀರಿಕೊಂಡ ಮೇಲೆ ಹಿತ್ತಲಿಗೆ ತಳ್ತೀವಿ. ಮೇಲೆ ಕೋಳಿ ಕೂರುತ್ತೆ. ಟ್ಯಾಂಕಲ್ಲಿ ಪೆಟ್ರೋಲ್ ಹಾಗೇ ಬಿಟ್ಟಿರ್ತೀವಿ, ಒಳಗಿಂದ ತುಕ್ಕು. ಮನೆ ಹುಡುಗ ಒಬ್ಬ ಸೈಲೆನ್ಸರ್ ಕೊಯ್ದು, ಮಡ್‌ಗಾರ್ಡ್ ಕಿತ್ತು, ಹ್ಯಾಂಡಲ್ ಬದಲಿಸಿ, ಹಳೇ ಸಾಮಾನು ಗುಜರಿಯೋನಿಗೆ ಕೆಜಿ ಲೆಕ್ಕದಲ್ಲಿ ಕೊಡ್ತಾನೆ. ಆಮೇಲೊಂದು ದಿನ ಬ್ರೋಕರ್ ಬರ್ತಾನೆ. 'ಅಣ್ಣ, ಇದಕ್ಕೆ ರೆಕಾರ್ಡೂ ಸರಿ ಇಲ್ಲ, ಏನೋ ನೋಡಿ ಕೊಡ್ತೀನಿ' ಅಂತ ನಾಲ್ಕೈದು ಸಾವಿರ ಇಟ್ಟು ಹೇರ್ಕೊಂಡು ಹೋಗ್ತಾನೆ. ನಾಲ್ಕು ತಿಂಗಳಿಗೆ ಅದೇ ಆರ್‌ಎಕ್ಸ್ ಫಳಫಳ ಅಂತ ಬೆಂಗಳೂರಲ್ಲಿ ಲಕ್ಷದ ಮಾತಾಡುತ್ತೆ.

ಇದಕ್ಕೆ ನಾವಷ್ಟೇ ಕಾರಣ ಅಲ್ಲ, ಕಾನೂನೂ ಹಾಗೇ ಇದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ಮಾಡ್ತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಹೊಸದಾಗಿ ನೋಂದಣಿಗೆ 20,000 ರೂಪಾಯಿ, ನಂಬರಲ್ಲಿ 'ವಿಎ' ಅಂತ ಅಕ್ಷರ. ದಿನನಿತ್ಯದ ಓಡಾಟಕ್ಕೆ ಬಳಸೋ ಹಾಗಿಲ್ಲ. ಸರಿ. ಆದ್ರೆ 15 ವರ್ಷದಿಂದ 50 ವರ್ಷದ ತನಕ ಆ ಗಾಡಿ ಬದುಕೋದು ಹೇಗೆ? ಐದೈದು ವರ್ಷಕ್ಕೆ ನೋಂದಣಿ ನವೀಕರಣ ಮಾಡಿಸಬೇಕು, ಅಂದ್ರೆ 35 ವರ್ಷದಲ್ಲಿ ಏಳು ಸಲ. ಬೈಕಿಗೆ 300 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 1,000 ಆಯ್ತು. 20 ವರ್ಷ ದಾಟಿದ ಬೈಕಿಗೆ 2025ರ ಆಗಸ್ಟಲ್ಲಿ 2,000 ಮಾಡಿದ್ರು. ಜೊತೆಗೆ ಹಸಿರು ತೆರಿಗೆ, ಇನ್ಶೂರೆನ್ಸ್, ಎಮಿಷನ್, ಆರ್‌ಟಿಒ ಅಲೆದಾಟ, ಒಂದು ದಿನದ ಕೂಲಿ.

1985ರ ಆರ್‌ಎಕ್ಸ್‌ಗೆ 50 ತುಂಬೋದು 2035ಕ್ಕೆ. ಅಲ್ಲೀತನಕ ಹತ್ತು ಗಾಡಿ ಸಾಕೋನಿಗೆ ಈ ಖರ್ಚು ಲೆಕ್ಕಕ್ಕೇ ಇಲ್ಲ. ಅಪ್ಪನ ಒಂದೇ ಗಾಡಿ ಇಟ್ಟುಕೊಂಡ ಗಾರೆ ಕೆಲಸದ ಹುಡುಗ ಎರಡನೇ ನವೀಕರಣಕ್ಕೇ ಕೈ ಬಿಡ್ತಾನೆ. ದುಡಿಯೋ ಗಾಡಿಗೆ ದಂಡ, ನಿಂತ ಗಾಡಿಗೆ ಪಾರಂಪರಿಕ ಅನ್ನೋ ಬಿರುದು. ಬಡವನ ಕೈ ತಪ್ಪಿ ಸಾಹುಕಾರನ ಕೈ ಸೇರಿದ ಮೇಲೇ ಅದಕ್ಕೆ ಮರ್ಯಾದೆ.

ಹೊಗೆ ವಿಚಾರ ಎತ್ತೋರಿಗೂ ಉತ್ತರ ಕೊಡಬೇಕು. ನಿಜ, ಟೂ ಸ್ಟ್ರೋಕ್ ಗಾಡಿ ಪೆಟ್ರೋಲ್ ಜೊತೆ ಆಯಿಲ್ಲೂ ಸುಡುತ್ತೆ, ಹೊಗೆ ಬಿಡುತ್ತೆ. ರಸ್ತೆ ಪಕ್ಕ ಬದುಕೋರು, ರಸ್ತೆ ಗುಡಿಸೋರು ನಮ್ಮೋರೇ, ಆ ಹೊಗೆ ಕುಡಿಯೋರೂ ನಮ್ಮೋರೇ. ದಿನಾ ಪೇಟೇಲಿ ಓಡಿಸಿ ಅಂತ ನಾನು ಹೇಳ್ತಿಲ್ಲ. ಆದ್ರೆ ಶುಲ್ಕ ಏರಿಸೋಕೆ ಅಳತೆ ಗಾಡಿಯ ವಯಸ್ಸಲ್ಲ, ಅದರ ಸ್ಥಿತಿ ಆಗಬೇಕು. ಪರೀಕ್ಷೆ ಕಟ್ಟುನಿಟ್ಟಾಗಿ ಮಾಡಿ, ಪಾಸಾದ ಗಾಡಿಗೆ ಹಳೇ ಶುಲ್ಕ ತಗೊಳ್ಳಿ. ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಅಂತ ಮಿತಿ ಹಾಕಿದ್ರೂ ಒಪ್ಪೋಣ.

'ಹೊಟ್ಟೆಗಿಲ್ಲದೋರಿಗೆ ಹಳೇ ಬೈಕಿನ ಪುರಾಣ ಯಾಕೆ' ಅನ್ನೋ ಗೆಳೆಯರೂ ಇದ್ದಾರೆ. ಮಗಳ ಫೀಸು ಕಟ್ಟಬೇಕಾ, ಮಾರಿ. ಅದರಲ್ಲಿ ಏನೂ ತಪ್ಪಿಲ್ಲ. ಮಾರೋವಾಗ ಲಕ್ಷದ ವಸ್ತು ಅಂತ ತಿಳಿದು ಮಾರಿ, ಗುಜರಿ ರೇಟಿಗೆ ಕೊಡಬೇಡಿ. ನಮ್ಮ ಜಮೀನು ಹೋಗಿದ್ದೂ ಬೆಲೆ ಗೊತ್ತಿಲ್ಲದೇ ಇದ್ದಾಗಲೇ ತಾನೇ?

ಗುಮಾಸ್ತನಾಗಿ ನಂಗೆ ಗೊತ್ತಿರೋ ವಿದ್ಯೆ ಕಾಗದದ್ದು. ಅದನ್ನ ಕೇಳಿ. ಆರ್‌ಸಿ ಅಪ್ಪನ ಹೆಸರಲ್ಲೇ ಇದ್ರೆ ವಾರಸುದಾರರ ಹೆಸರಿಗೆ ಮಾಡಿಸಿ. ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31 ಹಾಕಬೇಕು. ತಡ ಆಗಿದ್ರೂ ಹೋಗಿ ಕೇಳಿ, ಬಿಡಬೇಡಿ. ಹಳೇ ಆರ್‌ಸಿ ಪುಸ್ತಕ, ಶೋರೂಂ ರಸೀದಿ, ಸಾಲ ತೀರಿದ ಪತ್ರ ಎಸೀಬೇಡಿ. ಎಂಜಿನ್ ನಂಬರು, ಚಾಸಿ ನಂಬರು ಆರ್‌ಸಿಗೆ ಸರಿ ಹೊಂದಿದ್ರೇನೇ ಗಾಡಿಗೆ ಬೆಲೆ.

ಇನ್ನು ಗಾಡಿ ವಿಚಾರ. ಮಂಡಿ ಮೊಹಲ್ಲಾದ ಒಬ್ಬ ಭಾಯ್ ನನಗೆ ಹೇಳಿಕೊಟ್ಟಿದ್ದನ್ನೇ ಹೇಳ್ತೀನಿ. ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಟ್ಯಾಂಕು, ಕಾರ್ಬುರೇಟರ್ ಎರಡೂ ಖಾಲಿ ಮಾಡಿ. ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲ್ ಹಳೇ ರಬ್ಬರಿಗೆ ಆಗಿ ಬರಲ್ಲ, ಪೈಪು, ವಾಷರ್ ನೋಡಿ ಬದಲಿಸಿ. ವಾರಕ್ಕೊಂದು ಸಲ ಸ್ಟಾರ್ಟ್ ಮಾಡಿ ಒಂದೆರಡು ಮೈಲಿ ಓಡಿಸಿ. ಬದಲಿಸಿದ ಯಾವ ಮೂಲ ಸಾಮಾನನ್ನೂ ಎಸೀದೆ ಗೋಣಿ ಚೀಲಕ್ಕೆ ಹಾಕಿ ಅಟ್ಟದ ಮೇಲಿಡಿ. ಬಣ್ಣ ಮಾಸಿದ್ರೆ ಮಾಸಲಿ, ಹೊಸ ಬಣ್ಣಕ್ಕೆ ಅವಸರ ಬೇಡ. ಗಾಡಿ ಎಷ್ಟು ಸಲ ಬೇಕಾದ್ರೂ ಬಣ್ಣ ಬಳಿಸಿಕೊಳ್ಳುತ್ತೆ, ಮೊದಲ ಬಣ್ಣ ಒಂದೇ ಸಲ.

ರ‍್ಯಾಲಿ ನಡೆಸೋರಲ್ಲೂ ಒಂದು ಮನವಿ. ನಿಮ್ಮ ಪ್ರೀತಿ ಸುಳ್ಳಲ್ಲ, ನೀವಿಲ್ಲದಿದ್ರೆ ಎಷ್ಟೋ ಗಾಡಿ ಕರಗಿ ಹೋಗ್ತಿದ್ವು. ಆ ಬೋರ್ಡಿನ ಮೇಲೆ ಇನ್ನೆರಡು ಸಾಲು ಸೇರಿಸಿ: ಮೊದಲು ಕೊಂಡವರು ಯಾರು, ರಿಪೇರಿ ಮಾಡಿದವರು ಯಾರು. ಯಾದವಗಿರಿಯ ಕಾರ್ಖಾನೆಯಲ್ಲಿ ದುಡಿದವರು ಮೈಸೂರಲ್ಲಿ ಇನ್ನೂ ಇದ್ದಾರೆ, ವಯಸ್ಸಾಗಿದೆ. ಅವರನ್ನ ಕೂರಿಸಿಕೊಂಡು ಮಾತು ರೆಕಾರ್ಡ್ ಮಾಡಿಕೊಳ್ಳೋಕೆ ಸರ್ಕಾರವೇ ಬರಬೇಕಾಗಿಲ್ಲ, ಒಂದು ಮೊಬೈಲು, ಒಂದು ಭಾನುವಾರ ಸಾಕು.

ನಮ್ಮ ಹುಡುಗರಿಗೂ ಅದೇ ಕೆಲಸ. ಈ ಭಾನುವಾರ ಗಾಡಿ ಮೇಲಿನ ಟಾರ್ಪಾಲು ತೆಗೀರಿ, ಟ್ಯಾಂಕ್ ಮುಚ್ಚಳ ಬಿಚ್ಚಿ ನೋಡಿ. ಮನೇಲಿ ಹಿರಿಯರಿದ್ರೆ ಪಕ್ಕ ಕೂತು ಕೇಳಿ, ಯಾವ ವರ್ಷ ತಂದ್ರಿ, ಸಾಲ ಎಲ್ಲಿ ಎತ್ತಿದ್ರಿ, ಮೊದಲ ಸಲ ಯಾವ ಬೀದೀಲಿ ಓಡಿಸಿದ್ರಿ ಅಂತ. ಬರೆದಿಟ್ಟುಕೊಳ್ಳಿ. ಫೋಟೋ ಇದ್ರೆ, ಮೊದಲ ಮಾಲೀಕರ ಹೆಸರಿನ ಸಮೇತ, ಕೆಳಗೆ ಕಾಮೆಂಟಲ್ಲಿ ಹಾಕಿ.

ಜೈ ಭೀಮ್.