ಡೆಟ್ರಾಯಿಟ್ ಪಾಳುಬಿದ್ದಿದ್ದು ಜಪಾನ್ ಕಾರುಗಳಿಂದಲೇ? ಫಾರ್ವರ್ಡ್ ಹೇಳದ ಕತೆ

ಗಾಜು ಒಡೆದ ಕಿಟಕಿಗಳ ದೊಡ್ಡ ಕಾರ್ಖಾನೆ, ಗಿಡಗಂಟಿ ಬೆಳೆದ ಖಾಲಿ ಮನೆಗಳು. ಕೆಳಗೆ ನಾಲ್ಕು ಸಾಲು: ಇದು ಅಮೆರಿಕದ ಡೆಟ್ರಾಯಿಟ್, ಒಂದು ಕಾಲದ ಕಾರುಗಳ ರಾಜಧಾನಿ, ಜಪಾನ್ ಕಾರು ಬಂತು, ಯೂನಿಯನ್‌ನವರು ಸಂಬಳ ಸಾಲದು ಎಂದರು, ಎಲ್ಲ ಮುಗಿಯಿತು. ಈ ಬಗೆಯ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಫೋಟೋಗಳು ಸುಳ್ಳಲ್ಲ. ಆದರೆ ಅದರ ಕೆಳಗಿನ ವಿವರಣೆ ಎಷ್ಟು ನಿಜ? ಒಂದೊಂದಾಗಿ ನೋಡೋಣ.

ಜಪಾನ್ ಕಾರುಗಳೇ ಕಾರಣವೇ?

ಈ ಬಗೆಯ ಫೋಟೋಗಳಲ್ಲಿ ಬಹಳ ಹೆಸರಾದದ್ದು ಪ್ಯಾಕರ್ಡ್ ಕಂಪನಿಯ ಕಾರ್ಖಾನೆ. ಡೆಟ್ರಾಯಿಟ್‌ನಲ್ಲಿ ಪ್ಯಾಕರ್ಡ್ ಕಾರುಗಳ ತಯಾರಿಕೆ ನಿಂತಿದ್ದು 1956ರಲ್ಲಿ. ಆಗ ಟೊಯೊಟಾ ಅಮೆರಿಕದಲ್ಲಿ ಅಂಗಡಿಯನ್ನೇ ತೆರೆದಿರಲಿಲ್ಲ. 1958ರ ಇಡೀ ವರ್ಷದಲ್ಲಿ ಅದು ಅಲ್ಲಿ ಮಾರಿದ ವಾಹನಗಳು 300ಕ್ಕಿಂತ ಕಡಿಮೆ.

1950ರಲ್ಲಿ ಡೆಟ್ರಾಯಿಟ್‌ನ ಜನಸಂಖ್ಯೆ ಸುಮಾರು 18.5 ಲಕ್ಷ. ಊರು ಅತಿ ಎತ್ತರದಲ್ಲಿದ್ದ ಆ ಕಾಲದಲ್ಲೇ ಕೆಲಸಗಳು ಹೊರಗೆ ಹೋಗತೊಡಗಿದ್ದವು. ಹಳೆಯ ಕಾರ್ಖಾನೆಗಳು ಹಲವು ಮಹಡಿಗಳವು. ಹೊಸ ಯಂತ್ರಗಳಿಗೆ ಒಂದೇ ಮಹಡಿಯ, ಅಗಲವಾದ ಕಟ್ಟಡ ಬೇಕಿತ್ತು. ಅಷ್ಟು ಜಾಗ ಊರಿನೊಳಗೆ ಇರಲಿಲ್ಲ. ಹಾಗಾಗಿ ಕಂಪನಿಗಳು ಊರ ಹೊರಗೆ, ಬೇರೆ ರಾಜ್ಯಗಳಿಗೆ ಹೋದವು. ಸ್ವಯಂಚಾಲಿತ ಯಂತ್ರಗಳು ಬಂದು ಕೈಗೆಲಸವೂ ಕಡಿಮೆಯಾಯಿತು. 1947ರಿಂದ 1963ರ ನಡುವೆ ನಗರ ಕಳೆದುಕೊಂಡ ಕಾರ್ಖಾನೆ ಕೆಲಸಗಳು ಸುಮಾರು 1.34 ಲಕ್ಷ. ಉಳ್ಳವರು, ಅದರಲ್ಲೂ ಬಿಳಿಯರು, ಹೊರವಲಯದ ಬಡಾವಣೆಗಳಿಗೆ ಮನೆ ಬದಲಾಯಿಸಿದರು. ಹಾಗೆ ಹೋಗಲು ಅವಕಾಶ ಸಿಗದ ಕಪ್ಪು ಜನರು, ಬಡವರು ಊರಲ್ಲೇ ಉಳಿದರು.

ಅಂದರೆ ಇಲ್ಲಿ ಎರಡು ಬೇರೆ ಬೇರೆ ಕತೆಗಳಿವೆ. ಡೆಟ್ರಾಯಿಟ್ ನಗರ ಸೊರಗಿದ್ದು ಮೊದಲು, ಡೆಟ್ರಾಯಿಟ್‌ನ ಕಂಪನಿಗಳು ಸೊರಗಿದ್ದು ಆಮೇಲೆ. ಫಾರ್ವರ್ಡ್ ಇವೆರಡನ್ನೂ ಒಂದೇ ಮಾಡಿಬಿಡುತ್ತದೆ.

ಹಾಗಾದರೆ ಜಪಾನ್ ಪಾತ್ರವೇ ಇಲ್ಲವೇ?

ಇದೆ. 1973ರಲ್ಲಿ ಅರಬ್ ದೇಶಗಳು ತೈಲ ಸರಬರಾಜು ತಡೆದವು. 1979ರಲ್ಲಿ ಇರಾನ್ ಕ್ರಾಂತಿಯಿಂದ ಮತ್ತೆ ಬೆಲೆ ಏರಿತು. ಪೆಟ್ರೋಲ್ ಕುಡಿಯುವ ದೊಡ್ಡ ಕಾರುಗಳನ್ನೇ ನಂಬಿಕೊಂಡಿದ್ದ ಜನರಲ್ ಮೋಟಾರ್ಸ್, ಫೋರ್ಡ್, ಕ್ರೈಸ್ಲರ್ ಕಂಪನಿಗಳ ಬಳಿ ಒಳ್ಳೆಯ ಸಣ್ಣ ಕಾರು ಇರಲಿಲ್ಲ. ಜಪಾನ್ ಕಂಪನಿಗಳ ಬಳಿ ಇತ್ತು, ಅದು ಪದೇ ಪದೇ ಕೆಡುತ್ತಲೂ ಇರಲಿಲ್ಲ.

1981ರಲ್ಲಿ ಅಮೆರಿಕದ ಒತ್ತಡಕ್ಕೆ ಮಣಿದ ಜಪಾನ್, ವರ್ಷಕ್ಕೆ 16.8 ಲಕ್ಷ ಕಾರುಗಳಿಗಿಂತ ಹೆಚ್ಚು ಕಳಿಸುವುದಿಲ್ಲ ಎಂದು ಒಪ್ಪಿಕೊಂಡಿತು. ಆದರೆ ಮರುವರ್ಷವೇ ಹೋಂಡಾ ಓಹಾಯೋ ರಾಜ್ಯದ ಮೇರಿಸ್‌ವಿಲ್‌ನಲ್ಲಿ ಕಾರು ತಯಾರಿಸತೊಡಗಿತು. ಅಲ್ಲಿಂದಾಚೆಗೆ ಎಷ್ಟೋ ‘ಜಪಾನ್ ಕಾರು’ಗಳನ್ನು ಅಮೆರಿಕದಲ್ಲೇ ಅಮೆರಿಕದವರೇ ಜೋಡಿಸಿದ್ದಾರೆ.

ಕಾರ್ಮಿಕರ ಸೋಮಾರಿತನ, ಯೂನಿಯನ್ ದುರಾಸೆ?

ಇದನ್ನು ಪರೀಕ್ಷಿಸಲು ಒಂದು ಒಳ್ಳೆಯ ಉದಾಹರಣೆ ಇದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಒಂದು ಕಾರ್ಖಾನೆ ಇತ್ತು. ಗೈರುಹಾಜರಿ, ಜಗಳ, ಕಳಪೆ ಗುಣಮಟ್ಟಕ್ಕೆ ಹೆಸರಾಗಿದ್ದ ಅದನ್ನು 1982ರಲ್ಲಿ ಮುಚ್ಚಲಾಯಿತು. 1984ರಲ್ಲಿ ಟೊಯೊಟಾ ಜೊತೆ ಸೇರಿ ಅದನ್ನೇ ಮತ್ತೆ ತೆರೆದರು. ಕಟ್ಟಡ ಅದೇ, ಯೂನಿಯನ್ ಅದೇ, ಕೆಲಸಗಾರರಲ್ಲೂ ಹೆಚ್ಚಿನವರು ಹಳಬರೇ. ಬದಲಾಗಿದ್ದು ಕೆಲಸದ ಪದ್ಧತಿ. ತಪ್ಪು ಕಂಡರೆ ಯಾವ ಕೆಲಸಗಾರನೂ ಹಗ್ಗ ಎಳೆದು ಸಹಾಯಕ್ಕೆ ಕರೆಯಬಹುದು, ಬೇಕಾದರೆ ಇಡೀ ಸಾಲನ್ನೇ ನಿಲ್ಲಿಸಬಹುದು. ಕೆಲವೇ ವರ್ಷಗಳಲ್ಲಿ ಅಲ್ಲಿನ ಕಾರುಗಳ ಗುಣಮಟ್ಟ ಜಪಾನ್‌ನಲ್ಲಿ ತಯಾರಾದ ಕಾರುಗಳ ಹತ್ತಿರಕ್ಕೆ ಬಂತು. ತೊಂದರೆ ಇದ್ದದ್ದು ಕೆಲಸಗಾರರಲ್ಲಿ ಅನ್ನುವುದಕ್ಕಿಂತ, ಅವರನ್ನು ದುಡಿಸಿಕೊಳ್ಳುವ ರೀತಿಯಲ್ಲಿ ಎಂದು ಇದರಿಂದ ಗೊತ್ತಾಗುತ್ತದೆ.

ಹಾಗೆಂದು ಖರ್ಚಿನ ಮಾತು ಪೂರ್ತಿ ಸುಳ್ಳಲ್ಲ. 1950ರಲ್ಲಿ ಜನರಲ್ ಮೋಟಾರ್ಸ್ ಮತ್ತು ಯೂನಿಯನ್ ನಡುವೆ ದೊಡ್ಡ ಒಪ್ಪಂದವಾಯಿತು. ಕಾರ್ಮಿಕರಿಗೆ ಪಿಂಚಣಿ, ಆರೋಗ್ಯ ವಿಮೆ ಸಿಕ್ಕಿತು. ಆಗ ಕಂಪನಿಗೆ ಅದು ಭಾರವಾಗಿರಲಿಲ್ಲ. ಮುಂದೆ ಯಂತ್ರಗಳು ಹೆಚ್ಚಿ, ಮಾರಾಟ ಇಳಿದು, ದುಡಿಯುವವರಿಗಿಂತ ನಿವೃತ್ತರೇ ಜಾಸ್ತಿಯಾದರು. ಜಪಾನ್‌ನಲ್ಲಿ ಎಲ್ಲರಿಗೂ ರಾಷ್ಟ್ರೀಯ ಆರೋಗ್ಯ ವಿಮೆ ಇದೆ. ಅಮೆರಿಕದಲ್ಲಿ ಅದು ಇಲ್ಲದ್ದರಿಂದ ಆ ಹೊರೆ ಕಂಪನಿಯ ತಲೆಗೇ ಬಂತು. 2005ರ ಸುಮಾರಿಗೆ ಜನರಲ್ ಮೋಟಾರ್ಸ್‌ನ ಪ್ರತಿ ಕಾರಿನ ಬೆಲೆಯಲ್ಲಿ ಸುಮಾರು 1,500 ಡಾಲರ್ ಆರೋಗ್ಯ ವೆಚ್ಚವೇ ಇತ್ತು. ಇದನ್ನು ದುರಾಸೆ ಎನ್ನುವುದಕ್ಕಿಂತ, ಮಾರಾಟ ಎಂದೂ ಇಳಿಯದು ಎಂಬ ನಂಬಿಕೆಯ ಮೇಲೆ ಎರಡೂ ಕಡೆಯವರು ಹಾಕಿದ ಲೆಕ್ಕ ತಪ್ಪಿತು ಎನ್ನುವುದು ಸರಿ.

ಕೊನೆಯ ಪೆಟ್ಟು ಬಿದ್ದದ್ದು 2008ರಲ್ಲಿ. ಕಂಪನಿಗಳ ಲಾಭವೆಲ್ಲ ದೊಡ್ಡ ಎಸ್‌ಯುವಿ, ಪಿಕಪ್‌ಗಳಿಂದ ಬರುತ್ತಿತ್ತು. ಆ ಬೇಸಿಗೆಯಲ್ಲಿ ಪೆಟ್ರೋಲ್ ಬೆಲೆ ಗ್ಯಾಲನ್‌ಗೆ 4 ಡಾಲರ್ ದಾಟಿತು. ಅದರ ಬೆನ್ನಿಗೇ ಬ್ಯಾಂಕುಗಳು ಕುಸಿದು ಸಾಲ ಸಿಗದಾಯಿತು. ದೇಶದಲ್ಲಿ 2007ರಲ್ಲಿ 1.6 ಕೋಟಿಯಷ್ಟಿದ್ದ ವಾಹನ ಮಾರಾಟ 2009ರಲ್ಲಿ ಸುಮಾರು 1.04 ಕೋಟಿಗೆ ಇಳಿಯಿತು. 2009ರ ಏಪ್ರಿಲ್ 30ರಂದು ಕ್ರೈಸ್ಲರ್, ಜೂನ್ 1ರಂದು ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿದವು. ಸರ್ಕಾರ ಸುಮಾರು 8,000 ಕೋಟಿ ಡಾಲರ್ ಹಾಕಿ ಉದ್ಯಮವನ್ನು ಉಳಿಸಿಕೊಂಡಿತು. ಅದರಲ್ಲಿ 900 ಕೋಟಿ ಡಾಲರ್‌ಗೂ ಹೆಚ್ಚು ವಾಪಸ್ ಬರಲಿಲ್ಲ.

ಕಂಪನಿ ಉಳಿಯಿತು, ಊರು?

ಕಾರ್ಖಾನೆ ಮುಚ್ಚಿದರೆ ಬಿಡಿಭಾಗ ಮಾಡುವವರು, ಅದರ ಎದುರಿನ ಹೋಟೆಲ್, ಪಕ್ಕದ ಅಂಗಡಿ ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಜನ ಊರು ಬಿಡುತ್ತಾರೆ, ಮನೆಗಳ ಬೆಲೆ ಇಳಿಯುತ್ತದೆ, ನಗರಕ್ಕೆ ಬರುವ ತೆರಿಗೆ ಕಡಿಮೆಯಾಗುತ್ತದೆ. ಆದರೆ 18 ಲಕ್ಷ ಜನರಿಗೆಂದು ಹಾಕಿದ ರಸ್ತೆ, ನೀರಿನ ಪೈಪು, ಬೀದಿದೀಪ ಹಾಗೇ ಇರುತ್ತವೆ. 2010ರ ಹೊತ್ತಿಗೆ ಡೆಟ್ರಾಯಿಟ್‌ನಲ್ಲಿ ಉಳಿದವರು ಸುಮಾರು 7.1 ಲಕ್ಷ. ಕಂಪನಿಗಳು ಚೇತರಿಸಿಕೊಂಡ ಮೇಲೆ, 2013ರ ಜುಲೈಯಲ್ಲಿ, ಸುಮಾರು 1,800 ಕೋಟಿ ಡಾಲರ್ ಸಾಲದ ನಗರವೇ ದಿವಾಳಿ ಎದ್ದಿತು. ನಗರಪಾಲಿಕೆಯ ಸಾಮಾನ್ಯ ನಿವೃತ್ತ ನೌಕರರ ಪಿಂಚಣಿಯಲ್ಲಿ ಶೇ 4.5ರಷ್ಟು ಕಡಿತವಾಯಿತು, ಬೆಲೆ ಏರಿಕೆಗೆ ತಕ್ಕಂತೆ ಸಿಗುತ್ತಿದ್ದ ವಾರ್ಷಿಕ ಹೆಚ್ಚಳವೂ ನಿಂತಿತು.

ಅದೇ ಮಿಶಿಗನ್ ರಾಜ್ಯದ ಫ್ಲಿಂಟ್ ಊರಿನ ಕತೆ ಇನ್ನೂ ಕಹಿ. ಜನರಲ್ ಮೋಟಾರ್ಸ್ 1908ರಲ್ಲಿ ಹುಟ್ಟಿದ್ದು ಅಲ್ಲೇ. ಒಂದು ಕಾಲಕ್ಕೆ ಸುಮಾರು 80,000 ಜನರಿಗೆ ಆ ಒಂದೇ ಕಂಪನಿ ಅಲ್ಲಿ ಕೆಲಸ ಕೊಟ್ಟಿತ್ತು. 2010ರ ಹೊತ್ತಿಗೆ ಅದು 10,000ಕ್ಕಿಂತ ಕೆಳಗಿಳಿದಿತ್ತು. ಬೊಕ್ಕಸ ಬರಿದಾದ ಊರಿಗೆ ರಾಜ್ಯ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸಿತು. ಖರ್ಚು ಉಳಿಸಲು 2014ರ ಏಪ್ರಿಲ್‌ನಲ್ಲಿ ಕುಡಿಯುವ ನೀರನ್ನು ಫ್ಲಿಂಟ್ ನದಿಯಿಂದ ಪಡೆಯತೊಡಗಿದರು. ಪೈಪಿನ ಒಳಮೈ ಕೊರೆಯದಂತೆ ತಡೆಯುವ ರಾಸಾಯನಿಕವನ್ನು ಬೆರೆಸಲಿಲ್ಲ. ಹಳೆಯ ಪೈಪುಗಳ ಸೀಸ ನೀರಿಗೆ ಇಳಿಯಿತು. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಅಪಾಯಕಾರಿ, ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲ.

ಗಮನಿಸಿ: ಈ ನೀರಿನಿಂದ ಎಂಜಿನ್ ಭಾಗಗಳು ತುಕ್ಕು ಹಿಡಿಯುತ್ತಿವೆ ಎಂದು ಜನರಲ್ ಮೋಟಾರ್ಸ್ ತನ್ನ ಫ್ಲಿಂಟ್ ಕಾರ್ಖಾನೆಗೆ 2014ರ ಅಕ್ಟೋಬರ್‌ನಲ್ಲೇ ಬೇರೆ ನೀರು ಪಡೆಯಲು ಒಪ್ಪಿಗೆ ಪಡೆಯಿತು. ಊರಿನ ಮಕ್ಕಳಿಗೆ ಹಳೆಯ ನೀರು ಮರಳಿ ಬಂದದ್ದು 2015ರ ಅಕ್ಟೋಬರ್‌ನಲ್ಲಿ. ಅದೂ ಮಕ್ಕಳ ವೈದ್ಯೆ ಮೋನಾ ಹನ್ನಾ-ಅತೀಶಾ ರಕ್ತಪರೀಕ್ಷೆಗಳ ಅಂಕಿಅಂಶವನ್ನು ಜನರ ಮುಂದಿಟ್ಟ ಮೇಲೆ.

ಆರೋಗ್ಯದ ಮೇಲಿನ ಪೆಟ್ಟು ನೀರಿಗಷ್ಟೇ ನಿಲ್ಲಲಿಲ್ಲ. ಕಾರು ಕಾರ್ಖಾನೆ ಇದ್ದ ಅಮೆರಿಕದ 112 ಕೌಂಟಿಗಳನ್ನು ಹೋಲಿಸಿದ ಸಂಶೋಧನೆಯೊಂದು 2019ರ ಕೊನೆಯಲ್ಲಿ ಪ್ರಕಟವಾಯಿತು. ಕಾರ್ಖಾನೆ ಮುಚ್ಚಿದ ಐದು ವರ್ಷಗಳ ನಂತರ ಆ ಕಡೆಗಳಲ್ಲಿ ಓಪಿಯಾಯ್ಡ್ ನೋವುನಿವಾರಕ ಹಾಗೂ ಮಾದಕಗಳ ಮಿತಿಮೀರಿದ ಸೇವನೆಯಿಂದಾಗುವ ಸಾವು, ಮುಚ್ಚದ ಕಡೆಗಳಲ್ಲಿ ನಿರೀಕ್ಷಿಸಬಹುದಾದ ಮಟ್ಟಕ್ಕಿಂತ ಶೇ 85ರಷ್ಟು ಹೆಚ್ಚಿತ್ತು.

ಎಲ್ಲ ಮುಗಿದೇಹೋಯಿತೇ?

ಇಲ್ಲ. ಇಂದಿಗೂ ಚೀನಾ ಬಿಟ್ಟರೆ ಅತಿ ಹೆಚ್ಚು ವಾಹನ ತಯಾರಿಸುವ ದೇಶ ಅಮೆರಿಕವೇ, ವರ್ಷಕ್ಕೆ ಸುಮಾರು 1 ಕೋಟಿ. 2000ದಲ್ಲಿ 13 ಲಕ್ಷವಿದ್ದ ಈ ಉದ್ಯಮದ ಕೆಲಸಗಳು 2009ರ ಮಧ್ಯಕ್ಕೆ ಅರ್ಧಕ್ಕಿಂತ ಕೆಳಗಿಳಿದು, ಮತ್ತೆ 10 ಲಕ್ಷದ ಆಸುಪಾಸಿಗೆ ಬಂದಿವೆ. ಆದರೆ ಹಿಂದಿರುಗಿದ ಕೆಲಸಗಳೆಲ್ಲ ಹಳೆಯ ಊರುಗಳಿಗೇ ಬರಲಿಲ್ಲ. ದಕ್ಷಿಣದ ರಾಜ್ಯಗಳ ಹೊಸ ಕಾರ್ಖಾನೆಗಳೂ ಅವುಗಳಲ್ಲಿ ದೊಡ್ಡ ಪಾಲು ಪಡೆದವು.

ಒಂದೇ ಉದ್ಯಮವನ್ನು ನಂಬಿದ ಊರಿನಲ್ಲಿ ಕಂಪನಿಯವರು ಲೆಕ್ಕ ತಪ್ಪಿದರೆ ಜಾಗ ಬದಲಾಯಿಸಬಹುದು. ಮನೆ ಕಟ್ಟಿಕೊಂಡವರು, ಪಿಂಚಣಿ ನಂಬಿದವರು, ಆ ನಲ್ಲಿಯ ನೀರು ಕುಡಿಯುವ ಮಕ್ಕಳು ಹಾಗೆ ಹೋಗಲಾರರು. ಮುಂದಿನ ಸಲ ಆ ಫೋಟೋ ನಿಮ್ಮ ಗ್ರೂಪಿಗೆ ಬಂದರೆ, ಪ್ಯಾಕರ್ಡ್ ಕಾರು ನಿಂತ ವರ್ಷ ಯಾವುದು, ಟೊಯೊಟಾ ಬಂದ ವರ್ಷ ಯಾವುದು ಎಂದು ಕೇಳಿ ನೋಡಿ.