ಮುಂಗಡದ ವ್ಯಾಜ್ಯಕ್ಕೆ ಪೊಲೀಸ್ ಠಾಣೆ ಪರಿಹಾರವೇ?

ಹೋಟೆಲು, ವಸತಿಗೃಹ, ಕಲ್ಯಾಣ ಮಂಟಪ, ಲಾಂಡ್ರಿ, ಸಾರಿಗೆ, ಭದ್ರತಾ ಸೇವೆ ಮುಂತಾದ ಸೇವಾ ವಲಯಗಳಲ್ಲಿ ಬಂಡವಾಳ ಹೂಡಿರುವ ನಮ್ಮ ಸದಸ್ಯ ಬಾಂಧವರು ಒಂದೆಡೆ ಸೇರಿದಾಗ, ತೆರಿಗೆಯ ವಿಚಾರ ಮುಗಿದೊಡನೆ ತಪ್ಪದೆ ಬರುವ ಮಾತು ಕೆಲಸಗಾರರದು. ಮುಂಗಡ ಹಣ ಪಡೆದು ಹೇಳದೆ ಕೇಳದೆ ಹೊರಟುಹೋದವರ ಕಥೆ ಪ್ರತಿಯೊಬ್ಬರ ಬಳಿಯೂ ಒಂದಾದರೂ ಇದೆ. ಆ ಕಥೆಗಳ ಕೊನೆಯಲ್ಲಿ ಬರುವ ವಾಕ್ಯವೂ ಬಹುತೇಕ ಒಂದೇ: "ಠಾಣೆಗೆ ಒಂದು ಮಾತು ಹೇಳಿಸಿದೆ, ಸಂಜೆಯೊಳಗೆ ಕರೆತಂದರು." ಈ ವಾಕ್ಯವನ್ನು ನಾವು ಜಾಣತನದ ಮಾತೆಂದು ಹೇಳಿಕೊಳ್ಳುತ್ತೇವೆ. ಅದು ಜಾಣತನವಲ್ಲ, ಕಾನೂನಿನ ದೃಷ್ಟಿಯಲ್ಲಿ ಅಪಾಯಕರವಾದ ನಡೆ ಎಂಬುದನ್ನು ಸದಸ್ಯರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಹೋಟೆಲಿನ ಮುಖ್ಯ ಬಾಣಸಿಗರು ಮನೆಯ ಮದುವೆಗೆಂದು 45,000 ರೂಪಾಯಿ ಮುಂಗಡ ಪಡೆದರು. ನಾಲ್ಕು ತಿಂಗಳು ದುಡಿದು, ದಸರಾ ವ್ಯಾಪಾರದ ಹೊಸ್ತಿಲಲ್ಲಿ ಬೇರೊಂದು ಊರಿನ ಹೋಟೆಲಿಗೆ ಸೇರಿಕೊಂಡರು. ಸಿಟ್ಟಿನ ಭರದಲ್ಲಿ ನಾನು ಪರಿಚಯದ ಅಧಿಕಾರಿಯೊಬ್ಬರಿಗೆ ದೂರವಾಣಿ ಮಾಡಿದೆ. ಮರುದಿನ ಬೆಳಿಗ್ಗೆ ಅವರನ್ನು ಕರೆತರಲಾಯಿತು. ಮೊಬೈಲ್ ಫೋನನ್ನೂ ಗುರುತಿನ ಚೀಟಿಯನ್ನೂ ತೆಗೆದಿರಿಸಿಕೊಂಡು ರಾತ್ರಿ ಹತ್ತರವರೆಗೆ ಬೆಂಚಿನ ಮೇಲೆ ಕೂರಿಸಲಾಯಿತು. ದೂರು ದಾಖಲಾಗಲಿಲ್ಲ, ಡೈರಿಯಲ್ಲಿ ಒಂದು ಸಾಲೂ ಬರೆಯಲಿಲ್ಲ. ಕೊನೆಗೆ, "ಮುಂಗಡ ತೀರುವವರೆಗೆ ಇದೇ ಹೋಟೆಲಿನಲ್ಲಿ ಕೆಲಸ ಮಾಡುತ್ತೇನೆ, ಬೇರೆಡೆಗೆ ಹೋಗುವುದಿಲ್ಲ" ಎಂಬ ಮುಚ್ಚಳಿಕೆ ಬರೆಸಿ ಅದರ ಪ್ರತಿಯನ್ನು ನನ್ನ ಕೈಗಿತ್ತರು. ನಾನು ಗೆದ್ದೆನೆಂದು ಭಾವಿಸಿದೆ. ಆರು ವಾರಗಳಲ್ಲಿ ಅವರು ಮತ್ತೆ ಹೊರಟರು. ಅವರೊಂದಿಗೆ ಇನ್ನಿಬ್ಬರು ಒಳ್ಳೆಯ ಕೆಲಸಗಾರರೂ ಹೊರಟರು. ಹಣವಂತೂ ಬರಲಿಲ್ಲ.

ಆ ಬಳಿಕ ಬೇರೊಂದು ವಿಷಯಕ್ಕೆ ಬಂದಿದ್ದ ನಮ್ಮ ವಕೀಲರು ಆ ಮುಚ್ಚಳಿಕೆಯನ್ನು ನೋಡಿ, "ಇದನ್ನು ಯಾರಿಗೂ ತೋರಿಸಬೇಡಿ, ಇದು ನಿಮ್ಮ ವಿರುದ್ಧದ ಸಾಕ್ಷ್ಯ" ಎಂದರು. ಅವರು ವಿವರಿಸಿದ ಮೇಲೆಯೇ ವಿಷಯದ ಗಾಂಭೀರ್ಯ ನನಗೆ ಅರಿವಾದದ್ದು.

ಕಾನೂನು ಏನು ಹೇಳುತ್ತದೆ?

1976ರ ಜೀತ ಪದ್ಧತಿ (ರದ್ದತಿ) ಕಾಯಿದೆಯೆಂದರೆ ಹೊಲಗದ್ದೆಗಳ ಜೀತಕ್ಕೆ ಮಾತ್ರ ಸಂಬಂಧಿಸಿದ್ದೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ವಾಸ್ತವ ಹಾಗಿಲ್ಲ. ಮುಂಗಡದ ಕಾರಣದಿಂದ ಕೆಲಸಗಾರನು ಬೇರೆಡೆ ಕೆಲಸಕ್ಕೆ ಸೇರುವ ಅಥವಾ ಬೇಕಾದಲ್ಲಿಗೆ ಹೋಗುವ ಸ್ವಾತಂತ್ರ್ಯವನ್ನು ಕಳೆದುಕೊಳ್ಳುವ ಒಪ್ಪಂದವೂ ಆ ಕಾಯಿದೆಯ ವ್ಯಾಖ್ಯೆಯೊಳಗೆ ಬರಬಲ್ಲದು. ಕೊಟ್ಟ ಹಣ ಜೀತದ ಸಾಲವೆಂದು ಕೆಲಸಗಾರನು ಹೇಳಿದಲ್ಲಿ, ಅದು ಹಾಗಲ್ಲವೆಂದು ಸಾಬೀತುಪಡಿಸುವ ಹೊಣೆ 15ನೇ ಕಲಮಿನಂತೆ ಸಾಲ ಕೊಟ್ಟವನದು. ಜೀತವೆಂದು ತೀರ್ಮಾನವಾದರೆ ಸಾಲವೇ ರದ್ದಾಗುತ್ತದೆ. ದುಡಿಯುವಂತೆ ಬಲವಂತಪಡಿಸಿದವನಿಗೆ ಮೂರು ವರ್ಷಗಳವರೆಗೆ ಕಾರಾಗೃಹ ವಾಸ ವಿಧಿಸಬಹುದು. ಸಂವಿಧಾನದ 23ನೇ ಅನುಚ್ಛೇದ ಬಲವಂತದ ದುಡಿಮೆಯನ್ನು ನಿಷೇಧಿಸಿದೆ. 45,000 ರೂಪಾಯಿ ವಸೂಲಿಗಾಗಿ ನಾನು ಠಾಣೆಯಿಂದ ಪಡೆದು ತಂದದ್ದು ಯಾವ ಬಗೆಯ ಕಾಗದವೆಂಬುದು ಈಗ ಸದಸ್ಯರಿಗೆ ವೇದ್ಯವಾಗಿರಬಹುದು.

ಇನ್ನು ಪೊಲೀಸರ ಅಧಿಕಾರದ ಮಾತು. ಮುಂಗಡವೆಂಬುದು ಸಾಲ. ಅದನ್ನು ಹಿಂತಿರುಗಿಸದಿರುವುದು ಕರಾರಿನ ಉಲ್ಲಂಘನೆಯೇ ಹೊರತು ತನ್ನಿಂದ ತಾನೇ ಅಪರಾಧವಲ್ಲ. ವಂಚನೆ ಎನ್ನಬೇಕಾದರೆ ಹಣ ಪಡೆಯುವ ಗಳಿಗೆಯಲ್ಲೇ ಮೋಸದ ಉದ್ದೇಶವಿರಬೇಕೆಂದು ಸರ್ವೋಚ್ಚ ನ್ಯಾಯಾಲಯ ಹಲವು ತೀರ್ಪುಗಳಲ್ಲಿ ಸ್ಪಷ್ಟಪಡಿಸಿದೆ. ನಾಲ್ಕು ತಿಂಗಳು ನಿಷ್ಠೆಯಿಂದ ದುಡಿದವರಲ್ಲಿ ಆ ಉದ್ದೇಶವನ್ನು ತೋರಿಸುವುದು ಕಷ್ಟ. ಸಂಜ್ಞೇಯ ಅಪರಾಧದ ಮಾಹಿತಿಯೇ ಇಲ್ಲದಿದ್ದಲ್ಲಿ ತನಿಖೆಯಿಲ್ಲ. ತನಿಖೆಯಿಲ್ಲದಿದ್ದಲ್ಲಿ ಒಬ್ಬರನ್ನು ಬಲವಂತವಾಗಿ ಕರೆಸುವ ಅಧಿಕಾರವೂ ಇಲ್ಲ. ವಾಣಿಜ್ಯ ಸ್ವರೂಪದ ದೂರುಗಳಲ್ಲಿ ಪ್ರಾಥಮಿಕ ವಿಚಾರಣೆ ನಡೆಸಬಹುದೆಂದು 2013ರ ನವೆಂಬರ್‌ನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿದ್ದುಂಟು. ಆದರೆ ವಿಚಾರಣೆ ಬೇರೆ, ಬೆಂಚಿನ ಮೇಲೆ ಕೂರಿಸಿ ಮುಚ್ಚಳಿಕೆ ಬರೆಸುವುದು ಬೇರೆ.

ನೌಕರನನ್ನು ಇಂತಹವರಲ್ಲೇ ಕೆಲಸ ಮಾಡೆಂದು ಒತ್ತಾಯಿಸಲು ಸಿವಿಲ್ ನ್ಯಾಯಾಲಯಕ್ಕೂ ಸಾಧ್ಯವಿಲ್ಲ. ವೈಯಕ್ತಿಕ ಸೇವೆಯ ಕರಾರನ್ನು ಹಾಗೆ ಜಾರಿಗೊಳಿಸಲು ಬಾರದೆಂಬುದು ನಿರ್ದಿಷ್ಟ ಪರಿಹಾರ ಕಾಯಿದೆಯ ತತ್ವ. ನ್ಯಾಯಾಧೀಶರಿಗೇ ಇಲ್ಲದ ಅಧಿಕಾರವನ್ನು ಠಾಣೆಯ ಪೇದೆಯೊಬ್ಬರು ಚಲಾಯಿಸುವಂತೆ ನಾವು ಕೇಳಿಕೊಳ್ಳುತ್ತಿದ್ದೇವೆ.

ಹಳೆಯ ಕಾಯಿದೆಯೊಂದರ ನೆನಪು

ಒಂದು ಕಾಲದಲ್ಲಿ ಈ ಅಧಿಕಾರ ನಿಜಕ್ಕೂ ಇತ್ತು. 1859ರ 13ನೇ ಕಾಯಿದೆಯಂತೆ, ಮುಂಗಡ ಪಡೆದು ಕೆಲಸ ಬಿಟ್ಟ ಕುಶಲಕರ್ಮಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಹಣ ಹಿಂತಿರುಗಿಸು ಇಲ್ಲವೇ ಕೆಲಸ ಮಾಡು ಎಂದು ಆದೇಶ ಪಡೆಯಬಹುದಿತ್ತು. ಆದೇಶ ಮೀರಿದವನಿಗೆ ಮೂರು ತಿಂಗಳವರೆಗೆ ಸೆರೆವಾಸ. ಆ ಕಾಯಿದೆಯ ಹಿಂದಿದ್ದದ್ದು ಕಲ್ಕತ್ತೆಯ ವರ್ತಕರ ಸಂಘದ ಮನವಿ ಎಂಬುದು ವಾಣಿಜ್ಯ ಸಂಸ್ಥೆಯ ಸದಸ್ಯರಾದ ನಾವು ನೆನಪಿಡಬೇಕಾದ ಸಂಗತಿ. ನಗರದ ಕುಶಲಕರ್ಮಿಗಳಿಗೆಂದು ಬಂದ ಈ ಕಾಯಿದೆ ಮುಂದೆ ಅಸ್ಸಾಮಿನ ಚಹಾ ತೋಟಗಳಲ್ಲಿ ಕೂಲಿಗಳನ್ನು ಕಟ್ಟಿಹಾಕುವ ಸಾಧನವಾಯಿತು. 1925ರಲ್ಲಿ ಬ್ರಿಟಿಷ್ ಆಡಳಿತವೇ ಅದನ್ನು ರದ್ದುಪಡಿಸುವ ಕಾಯಿದೆ ತಂದಿತು. ಪರಕೀಯ ಸರ್ಕಾರವೇ ಕೈಬಿಟ್ಟ ಪದ್ಧತಿಯನ್ನು ಸ್ವತಂತ್ರ ಭಾರತದ ಉದ್ಯಮಿಗಳು ದೂರವಾಣಿ ಕರೆಯ ಮೂಲಕ ಮುಂದುವರಿಸುವುದು ನಮಗೆ ಶೋಭೆ ತರುವ ವಿಷಯವಲ್ಲ.

ಶುದ್ಧ ಸಿವಿಲ್ ವ್ಯಾಜ್ಯಗಳನ್ನು ಕ್ರಿಮಿನಲ್ ಮೊಕದ್ದಮೆಗಳಾಗಿ ಪರಿವರ್ತಿಸುವ ಪ್ರವೃತ್ತಿ ವ್ಯಾಪಾರಿ ವಲಯದಲ್ಲಿ ಬೆಳೆಯುತ್ತಿದೆ ಎಂದು 2006ರಲ್ಲಿ ಇಂಡಿಯನ್ ಆಯಿಲ್ ಕಾರ್ಪೊರೇಷನ್ ಮತ್ತು ಎನ್‌ಇಪಿಸಿ ನಡುವಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೇ ಎಚ್ಚರಿಸಿತ್ತು. ಆ ಮಾತು ನಮ್ಮನ್ನು ಕುರಿತದ್ದು.

ಕಳವಿನ ಅನುಮಾನ ಬಂದಾಗ

ಹಾಗೆಂದು ಪೊಲೀಸರ ಬಳಿಗೆ ಹೋಗಲೇಬಾರದೆಂದು ನನ್ನ ವಾದವಲ್ಲ. ಗಲ್ಲಾಪೆಟ್ಟಿಗೆಯ ಹಣವೋ ಅತಿಥಿಯ ಒಡವೆಯೋ ಕಳುವಾದಾಗ ದೂರು ನೀಡುವುದು ಮಾಲೀಕನ ಹಕ್ಕು; ಅತಿಥಿಯ ವಸ್ತುವಾದರೆ ಹೊಣೆಯೂ ಹೌದು. ನೌಕರನಿಂದ ನಡೆದ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ 306ನೇ ಕಲಮಿನಲ್ಲಿ ಏಳು ವರ್ಷಗಳವರೆಗೆ ಶಿಕ್ಷೆಯಿದೆ. ಆದರೆ ಇಲ್ಲಿಯೂ ದಾರಿ ನಿಶ್ಚಿತವಾಗಿದೆ. ಲಿಖಿತ ದೂರು, ಪ್ರಥಮ ವರ್ತಮಾನ ವರದಿ, ನಂತರ ತನಿಖೆ. ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ದಸ್ತಗಿರಿ ಮಾಡಕೂಡದೆಂದು 2014ರ ಅರ್ನೇಶ್ ಕುಮಾರ್ ತೀರ್ಪು ವಿಧಿಸಿದೆ. ದಸ್ತಗಿರಿ ಅಗತ್ಯವಿಲ್ಲದಲ್ಲಿ ನೋಟಿಸು ನೀಡಿ ಕರೆಸಬೇಕೆಂಬ ನಿಯಮವು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಲ್ಲಿದೆ. ಸಾಕ್ಷಿಯಾಗಿ ವಿಚಾರಿಸಬೇಕಾದ ಮಹಿಳೆಯನ್ನು ಆಕೆಯ ವಾಸಸ್ಥಳದಲ್ಲೇ ವಿಚಾರಿಸಬೇಕು. ಕೊಠಡಿ ಶುಚಿಗೊಳಿಸುವ ಹೆಣ್ಣುಮಕ್ಕಳನ್ನು ಸಾಲಾಗಿ ಠಾಣೆಗೆ ಕಳುಹಿಸಿಕೊಡುವ ವ್ಯವಸ್ಥಾಪಕರು ಇದನ್ನು ಅರಿತಿರುವುದು ಒಳಿತು. "ಕೇಸು ಬೇಡ, ಸ್ವಲ್ಪ ಹೆದರಿಸಿ ಕೇಳಿ ಸಾಕು" ಎಂಬ ನಮ್ಮ ವಿನಂತಿಯೇ ಅಧಿಕಾರಿಯನ್ನು ಕಾನೂನಿನ ಹೊರಗೆ ಒಯ್ಯುತ್ತದೆ. ಮೇಲ್ನೋಟಕ್ಕೆ ದಯೆಯಂತೆ ಕಾಣುವ ಈ ಮಾತು, ಡಿ.ಕೆ. ಬಸು ಪ್ರಕರಣದ ಮಾರ್ಗಸೂಚಿಗಳು ಕೊಡುವ ರಕ್ಷಣೆಯೆಲ್ಲವನ್ನೂ ಕೆಲಸಗಾರನಿಂದ ಕಸಿಯುತ್ತದೆ.

ಈ ರೂಢಿಗೆ ಪೊಲೀಸರನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ಠಾಣೆಯಲ್ಲಿ ಸಿಬ್ಬಂದಿ ಕಡಿಮೆ, ಒತ್ತಡ ಹೆಚ್ಚು. ಊರಿನ ಗಣ್ಯರೊಬ್ಬರು ಕರೆ ಮಾಡಿದಾಗ ಇಲ್ಲವೆನ್ನುವುದು ಠಾಣಾಧಿಕಾರಿಗೆ ಸುಲಭವಲ್ಲ. ಎಷ್ಟೋ ಸಂದರ್ಭಗಳಲ್ಲಿ ಅವರು ಸದುದ್ದೇಶದಿಂದಲೇ ರಾಜಿ ಪಂಚಾಯಿತಿ ಮಾಡಿಸುತ್ತಾರೆ. ಆದರೆ ಒಂದು ಕಡೆಯವರು ಕುರ್ಚಿಯಲ್ಲಿ ಕುಳಿತು ಕಾಫಿ ಕುಡಿಯುತ್ತ, ಇನ್ನೊಂದು ಕಡೆಯವರು ಗೋಡೆಗೆ ಒರಗಿ ನಿಂತಿರುವಲ್ಲಿ ಆಗುವ ಒಪ್ಪಂದವನ್ನು ರಾಜಿ ಎನ್ನಲಾಗದು. ಆ ದಿನ ಕುರ್ಚಿಯಲ್ಲಿ ಕುಳಿತಿದ್ದವನು ನಾನೇ ಆದುದರಿಂದ ಈ ಮಾತನ್ನು ಹೇಳಬಲ್ಲೆ.

ಕತ್ತಿಗೆ ಎರಡು ಅಲಗು

ಈ ರೂಢಿ ನಮ್ಮ ಮೇಲೂ ತಿರುಗಬಲ್ಲದು. ಸಂಬಳ ಬಾಕಿಯೆಂದು ಕೆಲಸಗಾರನು ಯಾವುದೋ ಪ್ರಭಾವಿ ವ್ಯಕ್ತಿಯೊಡನೆ ಠಾಣೆಗೆ ಹೋದಾಗ, ಮಾಲೀಕನನ್ನು ಕರೆಸಿ "ಈಗಲೇ ಇಷ್ಟು ಎಣಿಸಿ" ಎಂದು ಒತ್ತಾಯಿಸಿದರೆ ನಾವು ಅನ್ಯಾಯವೆಂದು ಕೂಗುತ್ತೇವೆ. ಸಂಬಳದ ವ್ಯಾಜ್ಯ ಕಾರ್ಮಿಕ ಇಲಾಖೆಗೆ ಸೇರಿದ್ದು, ಪೊಲೀಸರಿಗೇನು ಕೆಲಸ ಎಂದು ಕಾನೂನು ಹೇಳುತ್ತೇವೆ. ಆ ಮಾತು ಸರಿ. ಆದರೆ ಮುಂಗಡದ ವ್ಯಾಜ್ಯಕ್ಕೆ ಠಾಣೆಯನ್ನು ಬಳಸಿದವನಿಗೆ ಸಂಬಳದ ವ್ಯಾಜ್ಯದಲ್ಲಿ ಆ ಮಾತನ್ನಾಡುವ ನೈತಿಕ ಬಲ ಉಳಿಯುವುದಿಲ್ಲ.

ಸದಸ್ಯರ ಪ್ರತಿವಾದವೂ ಹಗುರವಾದುದಲ್ಲ. "ಮೂವತ್ತು ನಲವತ್ತು ಸಾವಿರಕ್ಕೆ ಸಿವಿಲ್ ದಾವೆ ಹೂಡಿದರೆ ವಕೀಲರ ಶುಲ್ಕಕ್ಕೂ ಸಾಲದು; ತೀರ್ಪು ಬರುವ ಹೊತ್ತಿಗೆ ಆತ ಯಾವ ಊರಿನಲ್ಲಿರುತ್ತಾನೋ" ಎಂಬುದು ಅನುಭವದ ಮಾತು. ನ್ಯಾಯಾಲಯಗಳ ವಿಳಂಬವೇ ಜನರನ್ನು ಠಾಣೆಯತ್ತ ತಳ್ಳುತ್ತಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಠಾಣೆ ಮತ್ತು ದಾವೆ ಇವೆರಡೇ ದಾರಿಗಳಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಡಿ ತಾಲ್ಲೂಕು ಮಟ್ಟದಲ್ಲೂ ಕಾನೂನು ಸೇವಾ ಸಮಿತಿಗಳಿವೆ. ದಾವೆ ಹೂಡುವ ಮುನ್ನವೇ ವ್ಯಾಜ್ಯವನ್ನು ಲೋಕ ಅದಾಲತ್ತಿನ ಮುಂದೆ ಇಡಬಹುದು. ಅಲ್ಲಿ ಉಭಯತರ ಒಪ್ಪಿಗೆಯಿಂದಾದ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ. ಕಂತುಗಳಲ್ಲಿ ಮರುಪಾವತಿಗೆ ಒಪ್ಪುವ ಕೆಲಸಗಾರರು ನಾವು ತಿಳಿದಿರುವುದಕ್ಕಿಂತ ಹೆಚ್ಚು.

ನಾವು ಮಾಡಬೇಕಾದುದು

ಮೊದಲನೆಯದಾಗಿ, ಮುಂಗಡವನ್ನು ಲೆಕ್ಕಪತ್ರದೊಳಗೆ ತರಬೇಕು. ಎಷ್ಟು ಕೊಟ್ಟಿದ್ದು, ತಿಂಗಳಿಗೆ ಎಷ್ಟು ಕಡಿತ ಎಂಬುದನ್ನು ಕೆಲಸಗಾರನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಒಂದು ಪ್ರತಿಯನ್ನು ಅವನಿಗೆ ಕೊಡಬೇಕು. ವೇತನದಿಂದ ಮುಂಗಡವನ್ನು ಮಿತಿಯೊಳಗೆ ಕಡಿತ ಮಾಡಿಕೊಳ್ಳಲು ಕಾನೂನಿನಲ್ಲೇ ಅವಕಾಶವಿದೆ. ಒಂದೆರಡು ತಿಂಗಳ ಸಂಬಳಕ್ಕಿಂತ ಹೆಚ್ಚಿನ ಮುಂಗಡ ಕೊಟ್ಟು ಕೆಲಸಗಾರರನ್ನು ಹಿಡಿದಿಡುವ ಪೈಪೋಟಿಯನ್ನು ನಾವೇ ನಮ್ಮೊಳಗೆ ನಿಲ್ಲಿಸಬೇಕು. ಪರಸ್ಪರರ ಬಾಣಸಿಗರನ್ನು ಹೆಚ್ಚಿನ ಮುಂಗಡದ ಆಸೆ ತೋರಿಸಿ ಸೆಳೆಯುವವರು ನಮ್ಮವರೇ ಅಲ್ಲವೇ?

ಎರಡನೆಯದಾಗಿ, ಆಧಾರ್ ಚೀಟಿ, ಅಂಕಪಟ್ಟಿ ಮುಂತಾದ ಮೂಲ ದಾಖಲೆಗಳನ್ನು ಒತ್ತೆಯಿಟ್ಟುಕೊಳ್ಳುವ ಅಭ್ಯಾಸ ನಿಲ್ಲಬೇಕು. ಕೆಲಸ ಬಿಟ್ಟವರ ಬಾಕಿಯನ್ನು ಸಕಾಲದಲ್ಲಿ ಚುಕ್ತಾ ಮಾಡಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಂತೆ, ರಾಜೀನಾಮೆ ಕೊಟ್ಟವರಿಗೂ ಎರಡು ಕೆಲಸದ ದಿನಗಳೊಳಗೆ ವೇತನ ಸಂದಾಯವಾಗಬೇಕು. ಹೋಗುವಾಗ ಹಣ ಕೈಗೆ ಬರುವುದೆಂಬ ನಂಬಿಕೆಯಿದ್ದಲ್ಲಿ ರಾತ್ರೋರಾತ್ರಿ ಹೊರಡುವವರ ಸಂಖ್ಯೆ ತಾನಾಗಿ ಇಳಿಯುತ್ತದೆ.

ಮೂರನೆಯದಾಗಿ, ನಮ್ಮ ಸಂಸ್ಥೆಯೇ ಒಂದು ಸಂಧಾನ ಸಮಿತಿಯನ್ನು ರಚಿಸಬೇಕು. ಅದರಲ್ಲಿ ಮಾಲೀಕರಷ್ಟೇ ಇದ್ದರೆ ಪ್ರಯೋಜನವಿಲ್ಲ. ಕೆಲಸಗಾರರ ಪರವಾಗಿ ಮಾತನಾಡಬಲ್ಲವರೂ ನಿವೃತ್ತ ಕಾರ್ಮಿಕ ಅಧಿಕಾರಿಯೊಬ್ಬರೂ ಇರಬೇಕು. ಜೊತೆಗೆ, ಸಂಬಳ ಮತ್ತು ಮುಂಗಡದ ದೂರುಗಳು ಬಂದಾಗ ಯಾವ ಪಕ್ಷದವರನ್ನೂ ಕರೆಸಿ ಕೂರಿಸದೆ, ಕಾರ್ಮಿಕ ಇಲಾಖೆ ಅಥವಾ ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸುವಂತೆ ಲಿಖಿತ ಹಿಂಬರಹ ನೀಡಬೇಕೆಂದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ನಮ್ಮ ಸಂಸ್ಥೆಯಿಂದಲೇ ಮನವಿ ಸಲ್ಲಬೇಕು. ಪೊಲೀಸರು ಮಿತಿ ಮೀರುತ್ತಾರೆಂದು ದೂರುವವರು ಸಾಮಾನ್ಯವಾಗಿ ಕಾರ್ಮಿಕ ಸಂಘಟನೆಗಳು. ಆ ಮನವಿ ಮಾಲೀಕರಿಂದಲೇ ಹೋದಲ್ಲಿ ಅದಕ್ಕೆ ಇನ್ನಷ್ಟು ತೂಕವಿರುತ್ತದೆ.

ನನ್ನ 45,000 ರೂಪಾಯಿ ಇಂದಿಗೂ ಬಂದಿಲ್ಲ. ಅದನ್ನು ನಷ್ಟದ ಖಾತೆಗೆ ಬರೆದಾಗಿದೆ. ಆದರೆ ಆ ದಿನ ರಾತ್ರಿ ಹತ್ತು ಗಂಟೆಗೆ ಠಾಣೆಯಿಂದ ಹೊರಬಂದು, ಆ ಬಾಣಸಿಗರು ಒಂದು ಮಾತೂ ಆಡದೆ ನನ್ನ ಕಾರಿನ ಹಿಂದಿನ ಆಸನದಲ್ಲಿ ಕುಳಿತು ಬಂದದ್ದನ್ನು ಯಾವ ಖಾತೆಗೆ ಬರೆಯಬೇಕೆಂದು ತಿಳಿಯದು. ಏಳು ವರ್ಷ ನಮ್ಮ ಅಡುಗೆಮನೆಯನ್ನು ನಂಬಿಕೆಯಿಂದ ನಡೆಸಿದ್ದವರು ಅವರು. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಸಂಧಾನ ಸಮಿತಿಯ ವಿಚಾರವನ್ನು ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಅಧ್ಯಕ್ಷರನ್ನೂ ಕಾರ್ಯಕಾರಿ ಸಮಿತಿಯನ್ನೂ ಈ ಮೂಲಕ ವಿನಂತಿಸಿಕೊಳ್ಳುತ್ತೇನೆ.