ಅದು ಬೇಸೇ ಅಲ್ಲ ಅನ್ನೋರಿಗೆ

ಬೇಸ್ ಗಿಟಾರ್ ಹಿಡಿದವನ ಕಾಲಡಿ ನಾಲ್ಕು ಪೆಡಲ್ ಕಂಡರೆ ಸಾಕು, ಎರಡು ಥರದ ಜನ ಎದ್ದು ನಿಲ್ತಾರೆ. ಮೊದಲನೆಯವರು ಮಡಿವಂತರು. "ದನಿ ಬೆರಳಲ್ಲಿ ಇರ್ಬೇಕು, ಕಾಲಲ್ಲಿ ಅಲ್ಲ. ಇದು ಬೇಸೇ ಅಲ್ಲ" ಅಂತಾರೆ. ಎರಡನೆಯವರು ಲ್ಯಾಪ್‌ಟಾಪಿನವರು. "ಇಷ್ಟೆಲ್ಲ ಸರ್ಕಸ್ ಯಾಕೆ ಗುರು? ಸಿಂತ್ ದನಿ ಬೇಕಂದ್ರೆ ಟ್ರ್ಯಾಕ್ ಹಾಕು, ಇಲ್ಲಾ ಕೀಬೋರ್ಡಿನವನ ಎಡಗೈಗೆ ಬಿಡು" ಅಂತಾರೆ. ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗಲ್ಲ. ಆದರೆ ಇಬ್ಬರ ಮಾತೂ ಹೋಗಿ ನಿಲ್ಲೋದು ಒಂದೇ ಕಡೆ: ವೇದಿಕೆ ಮೇಲೆ ಬೇಸ್ ನುಡಿಸುವವನಿಗೆ ಜಾಗ ಇಲ್ಲ.

ಇದು ಬರೀ ರುಚಿಯ ಜಗಳ ಅಂದ್ಕೋಬೇಡಿ. ಇವತ್ತು ಜನ ಕುಣಿಯೋ ಹಾಡುಗಳಲ್ಲಿ ಎಷ್ಟೋ ಹಾಡುಗಳ ಬೇಸ್ ಹುಟ್ಟೋದು ಸಿಂತಸೈಜರ್‌ನಲ್ಲಿ. ಅದೇ ಹಾಡನ್ನು ಬ್ಯಾಂಡು ವೇದಿಕೆ ಮೇಲೆ ನುಡಿಸುವಾಗ ಬರೀ ತಂತಿಯ ದನಿ ತೆಳ್ಳಗೆ ಕೇಳುತ್ತೆ. ಆಗ ತಂಡ ನಡೆಸುವವನು ಲೆಕ್ಕ ಹಾಕ್ತಾನೆ. ಬೇಸಿನವನನ್ನು ಬಿಟ್ಟರೆ ಗಾಡಿಯಲ್ಲಿ ಒಂದು ಸೀಟು ಉಳೀತು, ಒಬ್ಬನ ಪೇಮೆಂಟೂ ಉಳೀತು. ಮಡಿವಂತರು ಮಡಿ ಕಾಪಾಡಿಕೊಳ್ತಾರೆ, ಹುಡುಗ ಕೆಲಸ ಕಳ್ಕೊಳ್ತಾನೆ.

ಮೊದಲು ಮಡಿವಂತರ ವಿಚಾರಕ್ಕೆ ಬರೋಣ. ನೀವು ಕಾಪಾಡ್ತಿರೋ 'ಅಸಲಿ ಬೇಸ್' ಎಷ್ಟು ಹಳೇದು ಸ್ವಾಮಿ? ಲಿಯೋ ಫೆಂಡರ್ ತನ್ನ ಪ್ರಿಸಿಷನ್ ಬೇಸನ್ನು ಮಾರುಕಟ್ಟೆಗೆ ತಂದದ್ದು 1951ರಲ್ಲಿ. ಆಳೆತ್ತರದ ಡಬಲ್ ಬೇಸಿಗೆ ಹೋಲಿಸಿದರೆ ಅದೂ ಕೂಸೇ. ವಿದ್ಯುತ್ತು, ಪಿಕಪ್ಪು, ಆಂಪ್ಲಿಫೈಯರ್ ಇಲ್ಲದೆ ಅದರ ದನಿ ಪಕ್ಕದ ಕೋಣೆಗೂ ಮುಟ್ಟಲ್ಲ. ಅಷ್ಟು ವಿದ್ಯುತ್ತು ಒಪ್ಪಿಕೊಂಡವರಿಗೆ ಇನ್ನೊಂದು ಒಂಬತ್ತು ವೋಲ್ಟ್ ಯಾಕೆ ಮೈಲಿಗೆ?

ನಮ್ಮಲ್ಲೂ ಇದು ಹೊಸದಲ್ಲ. ಸ್ವರಗಳು ಬಿಗಿದು ಕೂತಿವೆ, ಗಮಕ ಬರಲ್ಲ ಅಂತ ಹಾರ್ಮೋನಿಯಂ ಅನ್ನು ಆಕಾಶವಾಣಿ 1940ರಲ್ಲಿ ಹೊರಗಿಟ್ಟಿತು. ಬಾಗಿಲು ಮತ್ತೆ ತೆರೆಯಲು 1971 ಬರಬೇಕಾಯ್ತು. ಅಷ್ಟೂ ವರ್ಷ ನಮ್ಮ ಹಳ್ಳಿಗಳ ಪೌರಾಣಿಕ ನಾಟಕಗಳು ಹಾರ್ಮೋನಿಯಂ ಮೇಷ್ಟ್ರ ಪೆಟ್ಟಿಗೆ ಮೇಲೇ ನಡೆದವು. ಇನ್ನು ಕದ್ರಿ ಗೋಪಾಲನಾಥರು ಬ್ಯಾಂಡ್‌ಸೆಟ್ಟಿನ ವಾದ್ಯ ಅನಿಸಿಕೊಂಡಿದ್ದ ಸ್ಯಾಕ್ಸೋಫೋನನ್ನು ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡು ಅದರಲ್ಲೇ ಗಮಕ ತೆಗೆದರು. ವಾದ್ಯದ ಜಾತಿ ಕೇಳಿದವರು ಎಲ್ಲಿ ಹೋದರೋ ಗೊತ್ತಿಲ್ಲ. ಕದ್ರಿಯವರ ನಾದ ಉಳೀತು.

ಬೇಸಿನ ಮನೆಯೊಳಗೇ ಒಳ್ಳೇ ಉದಾಹರಣೆ ಇದೆ. 1977ರಲ್ಲಿ ಅಮೆರಿಕದ ಫಂಕ್ ತಂಡ ಪಾರ್ಲಿಮೆಂಟ್ 'ಫ್ಲ್ಯಾಶ್ ಲೈಟ್' ಅಂತ ಒಂದು ಹಾಡು ಮಾಡಿತು. ಅದರ ಬೇಸ್ ನುಡಿದದ್ದು ಗಿಟಾರ್ ಅಲ್ಲ, ಬರ್ನಿ ವೊರೆಲ್ ಅವರ ಮಿನಿಮೂಗ್ ಸಿಂತಸೈಜರ್. ಅದೇ ಬಳಗದಲ್ಲಿ ಬೂಟ್ಸಿ ಕಾಲಿನ್ಸ್ ಅಂಥ ಬೇಸ್ ವಾದಕ ಇದ್ದರು. ಬೂಟ್ಸಿ ಸಿಂತನ್ನು ಬೈಯುತ್ತಾ ಕೂರಲಿಲ್ಲ. ಮ್ಯೂ-ಟ್ರಾನ್ ಅನ್ನೋ ಫಿಲ್ಟರ್ ಪೆಡಲ್ಲಿಗೆ ತಮ್ಮ ಬೇಸ್ ಸಿಕ್ಕಿಸಿ ತಂತಿಯ ಬಾಯಲ್ಲಿ 'ವಾವ್' ಅನ್ನಿಸಿದರು. ಇವತ್ತಿಗೂ ಆ ದನಿ ಅಂದರೆ ಬೂಟ್ಸಿ ಹೆಸರೇ ಬರೋದು.

ಈಗ ಒಳಗೆ ಏನು ನಡೆಯುತ್ತೆ ನೋಡಿ. ಬಿ.ಇ.ನಲ್ಲಿ ಡಿಜಿಟಲ್ ಎಲೆಕ್ಟ್ರಾನಿಕ್ಸ್ ಲ್ಯಾಬ್ ಮಾಡಿದವರಿಗೆಲ್ಲ ಫ್ಲಿಪ್-ಫ್ಲಾಪ್ ನೆನಪಿರುತ್ತೆ. ಎರಡು ಸಲ ತಟ್ಟಿದರೆ ಒಂದು ಪೂರ್ತಿ ಸುತ್ತು ಮುಗಿಸುತ್ತೆ. ಹಳೇ ಅನಲಾಗ್ ಆಕ್ಟೇವ್ ಪೆಡಲ್ಲಿನ ಗುಟ್ಟು ಅದೇ: ತಂತಿಯ ಕಂಪನವನ್ನು ಎರಡರಿಂದ ಭಾಗಿಸಿ ಒಂದು ಸ್ಥಾಯಿ ಕೆಳಗಿನ ದನಿ ಕೊಡುತ್ತೆ. ಆಮೇಲೆ ಫಝ್. ಅದು ದುಂಡಗಿನ ಅಲೆಯ ತಲೆ, ಬುಡ ಎರಡನ್ನೂ ಕತ್ತರಿಸಿ ಚೌಕ ಮಾಡುತ್ತೆ. ಸಿಂತಿನ ಆಸಿಲೇಟರ್ ಹುಟ್ಟಿನಿಂದಲೇ ಕೊಡೋ ಚೌಕ ಅಲೆಯ ಹತ್ತಿರದ ನೆಂಟ ಇದು. ಮೂರನೆಯದು ಎನ್ವಲಪ್ ಫಿಲ್ಟರ್. ಕೆರೆಯ ತೂಬು ಗೊತ್ತಲ್ಲ? ನೀರಿನ ರಭಸ ನೋಡಿ ತಾನೇ ತೆರೆದು ತಾನೇ ಮುಚ್ಚೋ ತೂಬು ಇದ್ದಿದ್ದರೆ ಹೇಗಿರ್ತಿತ್ತೋ, ಹಾಗೆ. ಜೋರಾಗಿ ಮೀಟಿದರೆ ಅಗಲಕ್ಕೆ ತೆರೆಯುತ್ತೆ, ಮೆಲ್ಲಗೆ ಮೀಟಿದರೆ ಸ್ವಲ್ಪ. ಆಸಿಲೇಟರ್, ಫಿಲ್ಟರ್, ಎನ್ವಲಪ್: ಸಿಂತಸೈಜರ್ ಒಳಗೆ ಇರೋದೂ ಮುಖ್ಯವಾಗಿ ಇವೇ ಅಲ್ವಾ?

ಇಲ್ಲಿ ಸಾಲಿನ ಕ್ರಮ ಮುಖ್ಯ. ಆಕ್ಟೇವ್ ಪೆಡಲ್ ಮೊದಲು ಇರ್ಬೇಕು, ಯಾಕಂದ್ರೆ ಅದಕ್ಕೆ ಎಣಿಸೋಕೆ ಶುದ್ಧ ಸಿಗ್ನಲ್ ಬೇಕು. ಫಝ್ ಎರಡನೆಯದು, ಫಿಲ್ಟರ್ ಮೂರನೆಯದು. ಆದರೆ ಫಝ್ ಜೋರು-ಮೆಲ್ಲಗಿನ ವ್ಯತ್ಯಾಸವನ್ನೇ ಅಳಿಸಿಹಾಕುತ್ತೆ. ರಭಸದಲ್ಲಿ ಏರಿಳಿತ ಇಲ್ಲದಿದ್ದರೆ ತೂಬು ತೆರೆದದ್ದು ತೆರೆದಂಗೇ ಇರುತ್ತೆ. ಹಾಗಾಗಿ ಫಝ್‌ನ ಗೇನ್ ತಗ್ಗಿಸಿ, ಬ್ಲೆಂಡ್ ನಾಬ್ ಇದ್ದರೆ ಶುದ್ಧ ದನಿಯನ್ನೂ ಬೆರೆಸಿ. ಟ್ರಿಗರ್‌ಗೆ ಬೇರೆ ಇನ್‌ಪುಟ್ ಇರೋ ಫಿಲ್ಟರ್ ಆದರೆ ಅದಕ್ಕೆ ಬೇಸಿನ ನೇರ ಸಿಗ್ನಲ್ ಕೊಡಿ.

ಇನ್ನು 'ಬೆರಳಲ್ಲಿ ಇರ್ಬೇಕು' ಅನ್ನೋ ಮಾತು. ಪೆಡಲ್ ಇದ್ದರೆ ಬೆರಳು ಸೋಮಾರಿ ಆಗುತ್ತೆ ಅನ್ನೋರು ಒಮ್ಮೆ ನುಡಿಸಿ ನೋಡಲಿ. ಎರಡು ತಂತಿ ಒಟ್ಟಿಗೆ ನಡುಗಿದರೆ ಸಾಕು, ಆಕ್ಟೇವ್ ಪೆಡಲ್ ತೊದಲುತ್ತೆ. ಬೇಡದ ತಂತಿಯನ್ನೆಲ್ಲ ಅಂಗೈಯಲ್ಲೋ ಎಡಗೈಯಲ್ಲೋ ಒತ್ತಿ ಹಿಡೀಬೇಕು. ಒಂದು ಸ್ವರ ಮುಗಿಸಿದ ಮೇಲೇ ಇನ್ನೊಂದು. ಸಿಂತಿನ ಹಾಗೆ ಚಕ್ಕಂತ ನಿಲ್ಲಬೇಕಾದರೆ ಬೆರಳು ಚಕ್ಕಂತ ಏಳಬೇಕು. ಬರೀ ತಂತಿಯ ದನಿಯಲ್ಲಿ ಮುಚ್ಚಿಹೋಗೋ ತಪ್ಪನ್ನೂ ಪೆಡಲ್ ಮೈಕ್ ಹಿಡಿದು ಸಾರುತ್ತೆ. ಕುಣಿಯಲಾರದವರು ನೆಲ ಡೊಂಕು ಅಂದ್ರೆ ನೆಲ ಏನು ಮಾಡುತ್ತೆ?

ಒಂದು ಸಣ್ಣ ಲೆಕ್ಕ. ಬೇಸಿನ ದಪ್ಪ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಅಂದ್ರೆ ಒಂದು ಸುತ್ತಿಗೆ 24 ಮಿಲಿಸೆಕೆಂಡ್. ಸ್ವರ ಗುರುತಿಸೋ ಡಿಜಿಟಲ್ ಪೆಡಲ್ಲಿಗೆ ಎರಡು ಸುತ್ತು ಬೇಕಾದರೆ 48 ಮಿಲಿಸೆಕೆಂಡ್ ಆಯ್ತು. ನಿಮಿಷಕ್ಕೆ 120 ಬೀಟಿನ ಹಾಡಿನಲ್ಲಿ ಬೀಟಿನ ನಾಲ್ಕನೇ ಒಂದು ಭಾಗ ಅಂದ್ರೇನೇ 125 ಮಿಲಿಸೆಕೆಂಡ್. ಅದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತಡ! "ಪೆಡಲ್ ಸರಿಯಿಲ್ಲ" ಅಂತ ಮಾರೋ ಮೊದಲು ಅದೇ ಸ್ವರವನ್ನು ಒಂದು ಸ್ಥಾಯಿ ಮೇಲೆ, ಡಿ ತಂತಿಯ ಎರಡನೇ ಫ್ರೆಟ್ಟಲ್ಲಿ ಹಿಡೀರಿ. 82 ಕಂಪನ, ಸುತ್ತಿಗೆ 12 ಮಿಲಿಸೆಕೆಂಡ್. ತಡ ಅರ್ಧ ಆಯ್ತು. ಕೆಳಗಿನ ಸ್ಥಾಯಿಯನ್ನು ಪೆಡಲ್ಲೇ ಕೊಡುತ್ತೆ. ಕುತ್ತಿಗೆ ಕಡೆಯ ಪಿಕಪ್ ಆರಿಸಿ ಟೋನ್ ನಾಬ್ ಇಳಿಸಿದರೆ ಅದರ ಎಣಿಕೆ ಇನ್ನೂ ಸಲೀಸು. ಖರ್ಚು? ಸೊನ್ನೆ.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳಿದೆ ಅಂದ್ರೆ, ನಡುವೆ ಮೂರನೇ ಗುಂಪೊಂದಿದೆ. "ಆ ಫಾರಿನ್ ಪೆಡಲ್ ತಗೊಳ್ದೇ ಆ ದನಿ ಬರಲ್ಲ" ಅಂತ ಹುಡುಗರ ತಲೆ ಕೆಡಿಸೋರು. ಊರಿಂದ ಬಂದು, ಪೇಯಿಂಗ್ ಗೆಸ್ಟ್ ರೂಮಲ್ಲಿ ಹೆಡ್‌ಫೋನ್ ಹಾಕ್ಕೊಂಡು ಅಭ್ಯಾಸ ಮಾಡೋ ಹುಡುಗನಿಗೆ ಈ ಮಾತು ಕೊಡೋದು ಇಎಂಐ ಒಂದನ್ನೇ. ಒಂದು ಆಕ್ಟೇವ್, ಒಂದು ಫಝ್, ಒಂದು ಫಿಲ್ಟರ್ ಸಾಕು. ಸೆಕೆಂಡ್ ಹ್ಯಾಂಡ್ ಆದರೂ ಸರಿ, ಮೂರೂ ಒಳಗಿರೋ ಸಾಧಾರಣ ಮಲ್ಟಿ-ಎಫೆಕ್ಟ್ಸ್ ಡಬ್ಬಿ ಆದರೂ ಸರಿ. ಕ್ರಮ ಗೊತ್ತಿಲ್ಲದವನ ಕಾಲಡಿ ಲಕ್ಷ ರೂಪಾಯಿ ಸುರಿದರೂ ಕೇಳಿಸೋದು ಗೊರಗೊರ ಸದ್ದೇ.

ಕೊನೆಗೆ ಲ್ಯಾಪ್‌ಟಾಪಿನವರು. ಟ್ರ್ಯಾಕ್ ಯಾವತ್ತೂ ತಾಳ ತಪ್ಪಲ್ಲ, ಒಪ್ಪಿದೆ. ಆದರೆ ಜಾತ್ರೆಯಲ್ಲಿ ಜನ ಶಿಳ್ಳೆ ಹೊಡೆದು ಪಲ್ಲವಿಯನ್ನು ಇನ್ನೊಂದು ಸಲ ಕೇಳಿದಾಗ ಅದು ಹಿಂದಿರುಗಿ ನೋಡಲ್ಲ. ಹಾಡುವವಳು ಒಂದು ಉಸಿರು ಹೆಚ್ಚು ತಗೊಂಡರೆ ಕಾಯಲ್ಲ. ಕೀಬೋರ್ಡಿನವನ ಎಡಗೈಯನ್ನು ಬೇಸಿಗೆ ಕಟ್ಟಿಹಾಕಿದರೆ ಅವನ ಅರ್ಧ ಸಂಗೀತ ನಿಂತುಹೋಗುತ್ತೆ. ತಂತಿಗೆ ಜಾರು ಇದೆ, ಮೀಟಿನ ಪೆಟ್ಟಿದೆ, ಮೆಲ್ಲಗೆ ಸಾಯೋ ದನಿ ಇದೆ. ಪೆಡಲ್ ದಾಟಿ ಬಂದ ಮೇಲೂ ಇವು ಪೂರ್ತಿ ಅಳಿಯಲ್ಲ. ಸಿಂತಿನ ನಕಲು ಅಂತ ನೋಡಿದರೆ ಅದು ಕೊರತೆ. ವಾದ್ಯ ಅಂತ ನೋಡಿದರೆ ಅದೇ ಸೊಗಸು.

ಎಲ್ಲ ಹಾಡಿಗೂ ಫಿಲ್ಟರ್ ತುಳೀರಿ ಅಂತ ನಾನು ಹೇಳ್ತಿಲ್ಲ. ಉಪ್ಪು ಇದೆ ಅಂತ ಪಾಯಸಕ್ಕೂ ಹಾಕೋರು ಇಲ್ಲ. ತಾಳ ತಪ್ಪಿದವನಿಗೆ ಯಾವ ಪೆಡಲೂ ತಾಳ ಕಲಿಸಲ್ಲ. ಆದರೆ ತಾಳ ಕಲಿತ ಹುಡುಗನೊಬ್ಬ ಮೂರು ಪೆಡಲ್ ಜೋಡಿಸಿಕೊಂಡು ಹೊಸ ಹಾಡಿಗೆ ತಕ್ಕ ದನಿ ತೆಗೆದು, ವೇದಿಕೆ ಮೇಲೆ ತನ್ನ ಜಾಗ ತಾನೇ ಉಳಿಸಿಕೊಳ್ತಿದ್ದರೆ, "ಅದು ಬೇಸೇ ಅಲ್ಲ" ಅನ್ನೋ ಮೊದಲು ಒಂದು ನಿಮಿಷ ಅವನ ಕಾಲು ನೋಡೋದು ಬಿಟ್ಟು ಕಿವಿ ಕೊಡಿ.